‘ಮನ’ ಎಳೆದರೆ ‘ಮಾನ’

ಕೇಳುಗರಿಗೆ ನಮಸ್ಕಾರ. ‘ಮನ’ ಅಂತ ಒಂದು ಸಲ ಹೇಳಿ ನೋಡಿ. ಈಗ ಮೊದಲ ಅಕ್ಷರವನ್ನು ಸ್ವಲ್ಪ ಎಳೆಯಿರಿ. ‘ಮಾನ’ ಆಯ್ತು, ಅಲ್ವಾ? ಅರ್ಥವೇ ಬೇರೆ. ತಮಿಳಿನಲ್ಲೂ ಹಾಗೇನೇ: ಮನಂ ಅಂದರೆ ಮನಸ್ಸು, ಮಾನಂ ಅಂದರೆ ಮರ್ಯಾದೆ. ಇಂಗ್ಲಿಷ್ ಪ್ರಾರ್ಥನಾಗೀತೆಯ ಧಾಟಿಗೆ ತಮಿಳು ಮಾತು ಕೂರಿಸಿದರೆ, ಧಾಟಿ ಎಳೆಯುವ ಕಡೆ ಹ್ರಸ್ವಾಕ್ಷರ ಸಿಕ್ಕಿಕೊಳ್ಳುತ್ತದೆ, ದೀರ್ಘ ಬಂದ ಕಡೆ ಧಾಟಿ ಓಡಿಬಿಡುತ್ತದೆ, ಹಾಡುವವರು ಭಕ್ತಿಯಿಂದಲೇ ಹಾಡಿದರೂ ಮಾತು ಕಿವಿಗೆ ಸಿಗುವುದಿಲ್ಲ.

ಹರ್ಬರ್ಟ್ ಆರ್ಥರ್ ಪಾಪ್ಲಿ ನನಗೆ ಇಷ್ಟವಾಗುವುದು ಈ ತೊಡಕಿಲ್ಲದ ದಾರಿ ಹಿಡಿದದ್ದಕ್ಕೇ. 1878ರಲ್ಲಿ ಹುಟ್ಟಿದ ಇವರು ಲಂಡನ್ ಮಿಷನ್ನಿನ ಪಾದ್ರಿಯಾಗಿ ಬಂದು ಈರೋಡಿನಲ್ಲಿ ಕೆಲಸ ಮಾಡಿದರು. ಉಪದೇಶಕ್ಕೆ ಅವರು ಹಿಡಿದದ್ದು ಅಲ್ಲಿನವರ ಕಥಾಕಾಲಕ್ಷೇಪದ ದಾರಿ. ನಮ್ಮ ಹರಿಕಥೆ ಗೊತ್ತಲ್ಲ, ಹಾಗೇ: ಒಂದಿಷ್ಟು ಮಾತು, ಒಂದು ಹಾಡು, ಮತ್ತೆ ಕಥೆ. ಯೇಸುವಿನ ಕಥೆ, ಆದರೆ ಊರಿನವರ ಕಿವಿಗೆ ಪರಿಚಯ ಇರುವ ರಾಗ, ತಾಳ. 1914ರಲ್ಲಿ ಎಲ್. ಐ. ಸ್ಟೀಫನ್ ಜೊತೆ ಸೇರಿ ಹೀಗೆ ಹಾಡಿ ಹೇಳುವವರಿಗೆಂದೇ ಒಂದು ಕೈಪಿಡಿ ಬರೆದರು.

ಒಂದು ಮಾತು ಹೇಳಲೇಬೇಕು, ಈ ದಾರಿ ಪಾಪ್ಲಿ ಹಾಕಿದ್ದಲ್ಲ. ಅವರು ಹುಟ್ಟುವ ಎಷ್ಟೋ ಮೊದಲೇ ತಂಜಾವೂರಿನ ವೇದನಾಯಗಂ ಶಾಸ್ತ್ರಿಗಳು ತಮಿಳು ಕ್ರೈಸ್ತರಿಗೆ ತಮಿಳಿನಲ್ಲೇ ಕೀರ್ತನೆಗಳನ್ನು ಕೊಟ್ಟಿದ್ದರು. ಪಾಪ್ಲಿಯ ದೊಡ್ಡತನ ಅಂದರೆ, ಕಲಿಸಲು ಬಂದವರು ಕಲಿಯಲು ಕೂತರು. ರಾಗ, ತಾಳ, ವಾದ್ಯ ಎಲ್ಲ ತಿಳಿದುಕೊಂಡು 1921ರಲ್ಲಿ ಭಾರತದ ಸಂಗೀತದ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಪುಸ್ತಕವನ್ನೇ ತಂದರು.

ಹತ್ತು ವರ್ಷ ಬಿಟ್ಟು, 1931ರಲ್ಲಿ, ತಮಿಳಿನ ಹಳೆಯ ನೀತಿಕಾವ್ಯ ತಿರುಕ್ಕುರಳಿನ ಆಯ್ದ ಪದ್ಯಗಳನ್ನು ಇಂಗ್ಲಿಷಿಗೆ ತಂದರು. ಕುರಳಿನಲ್ಲಿ 1330 ಪದ್ಯ, ಒಂದೊಂದೂ ಎರಡೇ ಸಾಲು. ಮೊದಲ ಸಾಲಿಗೆ ನಾಲ್ಕು ಗಣ, ಎರಡನೆಯದಕ್ಕೆ ಮೂರು. ಅಷ್ಟು ಬಿಗಿಯಾದದ್ದನ್ನು ಇನ್ನೊಂದು ಭಾಷೆಗೆ ಒಯ್ಯುವುದು ಸುಮ್ನೆ ಅಲ್ಲ. ಒಂದು ಕುರಳ್ ಓದುತ್ತೇನೆ, ಹ್ರಸ್ವ ದೀರ್ಘದ ಆಟ ಕೇಳಿ:

ಕುಳಲಿನಿದು ಯಾಳಿನಿದು ಎನ್ಬತಂ ಮಕ್ಕಳ್
ಮಳಲೈಚ್ಚೊಲ್ ಕೇಳಾದವರ್

‘ಕುಳಲ್’ ಪುಟ್ಟ ಪುಟ್ಟ ಹೆಜ್ಜೆ ಇಡುತ್ತದೆ, ‘ಯಾಳ್’, ಅಂದರೆ ತಮಿಳರ ಹಳೆಯ ತಂತಿವಾದ್ಯ, ತಂತಿ ಮೀಟಿದ ಹಾಗೆ ನಿಲ್ಲುತ್ತದೆ. ಕೊಳಲು ಇಂಪು, ಯಾಳ್ ಇಂಪು ಅನ್ನುವವರು ತಮ್ಮ ಮಕ್ಕಳ ತೊದಲು ಮಾತು ಕೇಳದವರು, ಅಂತ ಇದರ ಅರ್ಥ.