ಸ್ಕ್ಯಾನರ್ ಹಾಕಿದರೆ ಮಾಯ, ಏರು ಹತ್ತಿದರೆ ಹಾಜರ್: ಹಳೇ ಕಾರಿನ ಲಿಂಪ್ ಮೋಡ್ ಹಿಡಿದ ಕತೆ

[ದೃಶ್ಯ: ಓಡುತ್ತಿರುವ ಕಾರಿನ ಒಳಗೆ. ಮೀಟರ್ ಬೋರ್ಡಿನಲ್ಲಿ ಹಳದಿ ಎಂಜಿನ್ ಲೈಟ್ ಹೊತ್ತಿಕೊಳ್ಳುತ್ತದೆ.]

ಏರುದಾರಿ. ಹಿಂದೆ ಒಂದು ಲಾರಿ ಹಾರ್ನ್ ಹೊಡೆಯುತ್ತಿದೆ. ನೀವು ಆಕ್ಸಿಲರೇಟರ್ ಪೂರ್ತಿ ತುಳಿದಿದ್ದೀರಿ, ಗಾಡಿಗೆ ಮಾತ್ರ ಉಸಿರೇ ಇಲ್ಲ. ಆರ್‌ಪಿಎಂ ಮುಳ್ಳು 3000ದ ಹತ್ತಿರ ಹೋಗಿ ಅಲ್ಲೇ ಕೂತಿದೆ. ಹೇಗೋ ಪಕ್ಕಕ್ಕೆ ಹಾಕುತ್ತೀರಿ. ಕೀ ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡುತ್ತೀರಿ. ಏನೂ ಗೊತ್ತಿಲ್ಲದ ಮಗುವಿನ ಹಾಗೆ ಗಾಡಿ ಓಡುತ್ತದೆ!

ಮರುದಿನ ಗ್ಯಾರೇಜಿಗೆ ಒಯ್ದರೆ ಮೆಕ್ಯಾನಿಕ್ ಒಂದು ರೌಂಡ್ ಓಡಿಸಿ ಬಂದು, "ಗಾಡಿ ಚೆನ್ನಾಗೇ ಇದೆಯಲ್ಲ ಸಾರ್" ಅನ್ನುತ್ತಾರೆ. ಡಾಕ್ಟರ ಬಾಗಿಲಿಗೆ ಹೋದ ಕೂಡಲೇ ಹಲ್ಲುನೋವು ನಿಂತ ಹಾಗೆ.

ನಮಸ್ಕಾರ. ಇವತ್ತಿನ ವಿಡಿಯೋ ಇಂಥ ಕಣ್ಣಾಮುಚ್ಚಾಲೆ ಆಡುವ ಲಿಂಪ್ ಮೋಡ್ ಬಗ್ಗೆ. ನನ್ನ 14 ವರ್ಷದ ಕಾರು ಮೂರು ತಿಂಗಳು ನನ್ನ ಜೊತೆ ಈ ಆಟ ಆಡಿತು. ಕೊನೆಗೆ ತಪ್ಪು ಸಿಕ್ಕಿದ್ದು ನಾನು ಕನಸಲ್ಲೂ ಎಣಿಸದ ಜಾಗದಲ್ಲಿ. ಅಲ್ಲಿಗೆ ಹೋಗಿ ಮುಟ್ಟಿದ್ದು ಹೇಗೆ ಅನ್ನುವುದನ್ನೇ ತೋರಿಸುತ್ತೇನೆ.

[ದೃಶ್ಯ: ಬಾನೆಟ್ ತೆರೆದ ಎಂಜಿನ್. ಕ್ಯಾಮೆರಾ ನಿಧಾನವಾಗಿ ಇಸಿಯು ಪೆಟ್ಟಿಗೆಯ ಕಡೆ ಹೋಗುತ್ತದೆ.]

ಮೊದಲು ಒಂದು ಮಾತು. ಲಿಂಪ್ ಮೋಡ್ ಅಂದರೆ ಗಾಡಿ ಕೆಟ್ಟಿದೆ ಅಂತಲ್ಲ, ಗಾಡಿಗೆ ಅನುಮಾನ ಬಂದಿದೆ ಅಂತ. ಎಂಜಿನ್ ನಡೆಸುವ ಕಂಪ್ಯೂಟರ್, ಅಂದರೆ ಇಸಿಯು, ಸೆನ್ಸರ್‌ಗಳು ಹೇಳಿದ್ದನ್ನು ನಂಬಿ ಕೆಲಸ ಮಾಡುತ್ತದೆ. ಯಾವುದೋ ಒಂದು ಸೆನ್ಸರ್ ನಂಬಲಾಗದ ಲೆಕ್ಕ ಕೊಟ್ಟಾಗ ಅದು ರಿಸ್ಕ್ ತೆಗೆದುಕೊಳ್ಳುವುದಿಲ್ಲ. ಪವರ್ ಇಳಿಸುತ್ತದೆ. ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಟರ್ಬೊ ಇದ್ದರೆ ಅದರ ಒತ್ತಡ ಕಡಿಮೆ ಮಾಡುತ್ತದೆ. ಆಟೊಮ್ಯಾಟಿಕ್ ಗಾಡಿಯಾದರೆ ಒಂದೇ ಗೇರಿನಲ್ಲಿ, ಎಷ್ಟೋ ಸಲ ಮೂರನೆಯದರಲ್ಲಿ, ಹಿಡಿದು ನಿಲ್ಲಿಸುತ್ತದೆ. ಕುಂಟುತ್ತಾ ಆದರೂ ಮನೆ ಸೇರಲಿ ಅನ್ನುವ ಏರ್ಪಾಡು ಇದು.

ಹಾಗಾದರೆ ಕೀ ಆಫ್ ಮಾಡಿ ಆನ್ ಮಾಡಿದರೆ ಸರಿಹೋಗುವುದು ಯಾಕೆ? ಹೊಸದಾಗಿ ಸ್ಟಾರ್ಟ್ ಮಾಡಿದಾಗ ಇಸಿಯು ಎಲ್ಲ ಸೆನ್ಸರ್‌ಗಳನ್ನೂ ಮತ್ತೆ ಮೊದಲಿಂದ ಪರೀಕ್ಷೆ ಮಾಡುತ್ತದೆ. ಆ ಹೊತ್ತಿಗೆ ತಪ್ಪು ಇಲ್ಲದಿದ್ದರೆ ಸುಮ್ನೆ ಬಿಟ್ಟುಬಿಡುತ್ತದೆ. ಆದರೆ ಮರೆಯುವುದಿಲ್ಲ. ಆ ತಪ್ಪಿನ ಗುರುತಿನ ನಂಬರ್, ಅಂದರೆ ಕೋಡ್, ಅದರ ನೆನಪಿನಲ್ಲಿ ಉಳಿದಿರುತ್ತದೆ.

ಆಯಿಲ್ ಪ್ರೆಶರ್ ಅಥವಾ ಟೆಂಪರೇಚರ್‌ನ ಕೆಂಪು ಲೈಟ್ ಬಂದರೆ ಮಾತ್ರ ಈ ವಿಡಿಯೋ ಮರೆತುಬಿಡಿ. ಮೊದಲು ಎಂಜಿನ್ ನಿಲ್ಲಿಸಿ.

[ದೃಶ್ಯ: ಸ್ಟೀರಿಂಗ್ ಕೆಳಗಿನ 16 ಪಿನ್ನಿನ ಒಬಿಡಿ ಸಾಕೆಟ್. ಕೈ ಸ್ಕ್ಯಾನರ್ ಸಿಕ್ಕಿಸುತ್ತದೆ.]

ಈಗ ಸ್ಕ್ಯಾನರ್, ಅಂದರೆ ಆ ಕೋಡ್ ಓದುವ ಉಪಕರಣ. ನಾವೆಲ್ಲರೂ ಮಾಡುವ ತಪ್ಪು ಇಲ್ಲೇ ಇದೆ. ಕೋಡ್ ಕಂಡ ತಕ್ಷಣ 'ಕ್ಲಿಯರ್' ಒತ್ತುತ್ತೇವೆ. ಇನ್ನು ಕೆಲವರು ಬ್ಯಾಟರಿ ಟರ್ಮಿನಲ್ ಬಿಚ್ಚಿ ಹತ್ತು ನಿಮಿಷ ಕಾಯುತ್ತಾರೆ. ದಯವಿಟ್ಟು ಬೇಡ. ಕೋಡ್ ಜೊತೆಗೆ 'ಫ್ರೀಜ್ ಫ್ರೇಮ್' ಅಂತ ಒಂದು ಇರುತ್ತದೆ. ತಪ್ಪು ನಡೆದ ಕ್ಷಣದಲ್ಲಿ ಸ್ಪೀಡ್ ಎಷ್ಟಿತ್ತು, ಆರ್‌ಪಿಎಂ ಎಷ್ಟು, ಎಂಜಿನ್ ಮೇಲೆ ಲೋಡ್ ಎಷ್ಟು, ಕೂಲಂಟ್ ಎಷ್ಟು ಬಿಸಿ, ಎಲ್ಲ ಅದರಲ್ಲಿ ಬರೆದಿರುತ್ತದೆ. ಕಳ್ಳತನ ಆದ ಕ್ಷಣದ ಫೋಟೊ ಅದು. ಕ್ಲಿಯರ್ ಒತ್ತಿದರೆ ಫೋಟೊ ನೀವೇ ಹರಿದ ಹಾಗೆ.

ನನ್ನ ಕಾರಿನಲ್ಲಿ ಮೂರು ಕೋಡ್ ಇದ್ದವು. ಪಿ 2138, ಅಂದರೆ ಆಕ್ಸಿಲರೇಟರ್ ಪೆಡಲ್‌ನ ಎರಡು ಸೆನ್ಸರ್‌ಗಳ ಲೆಕ್ಕ ತಾಳೆಯಾಗುತ್ತಿಲ್ಲ. ಪಿ 0107, ಅಂದರೆ ಎಂಜಿನ್‌ಗೆ ಹೋಗುವ ಗಾಳಿಯ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್‌ನ ವೋಲ್ಟೇಜ್ ಕಡಿಮೆ. ಮೂರನೆಯದು ಪಿ 0642, ಸೆನ್ಸರ್‌ಗಳಿಗೆ ಕೊಡುವ ರೆಫರೆನ್ಸ್ ವೋಲ್ಟೇಜೇ ಕಡಿಮೆ.

ಒಂದು ಗ್ಯಾರೇಜಿನಲ್ಲಿ ಲಿಸ್ಟಿನ ಮೇಲಿದ್ದ ಮೊದಲ ಕೋಡ್ ಓದಿ ಹೊಸ ಪೆಡಲ್ ಹಾಕಿದರು. ನಾನೂ ತಲೆಯಾಡಿಸಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು. ಎರಡು ವಾರ ಚೆನ್ನಾಗಿತ್ತು, ಆಮೇಲೆ ಮತ್ತೆ ಅದೇ ಹಾಡು. ಆ ಹಳೇ ಪೆಡಲ್ ಈಗಲೂ ನನ್ನ ಡಿಕ್ಕಿಯಲ್ಲಿದೆ. ಅದಕ್ಕೆ ಏನೂ ಆಗಿರಲಿಲ್ಲ ಪಾಪ.

[ದೃಶ್ಯ: ಡ್ಯಾಶ್‌ಬೋರ್ಡ್ ಮೇಲೆ ಸಣ್ಣ ನೋಟ್‌ಬುಕ್. ಪೆನ್ನಿನಲ್ಲಿ ಬರೆದ ಸಾಲುಗಳು.]

ಆಗ ನಾನು 'ಯಾವ ಪಾರ್ಟ್' ಅಂತ ಕೇಳುವುದನ್ನು ಬಿಟ್ಟು 'ಯಾವಾಗ' ಅಂತ ಕೇಳಲು ಶುರು ಮಾಡಿದೆ. ಕಾರಿನಲ್ಲಿ ಒಂದು ನೋಟ್‌ಬುಕ್ ಇಟ್ಟೆ. ಎಂಜಿನ್ ತಣ್ಣಗಿತ್ತಾ, ಬಿಸಿಯಾಗಿತ್ತಾ? ಮಳೆ ಬಂದಿತ್ತಾ? ಯಾವ ಗೇರ್? ಗಾಡಿಯಲ್ಲಿ ಎಷ್ಟು ಜನ? ತಿರುವಿನಲ್ಲಾ, ಗುಂಡಿಯಲ್ಲಾ, ನೇರ ರಸ್ತೆಯಲ್ಲಾ?

ಬೇಜಾರಿನ ಕೆಲಸ, ಒಪ್ಪಿಕೊಳ್ಳುತ್ತೇನೆ. ಆದರೆ ಈ 'ಯಾವಾಗ' ಅರ್ಧ ದಾರಿ ತೋರಿಸಿಬಿಡುತ್ತದೆ. ಬೆಳಿಗ್ಗೆ ಮೊದಲ ಸ್ಟಾರ್ಟ್‌ಗೇ ಬಂದರೆ ಬ್ಯಾಟರಿ, ಅರ್ಥಿಂಗ್ ಕಡೆ ನೋಡಿ. ಮಳೆಯ ಮರುದಿನ ಬಂದರೆ ಯಾವುದೋ ಕಪ್ಲರ್‌ಗೆ, ಅಂದರೆ ವೈರ್ ಜೋಡಿಸುವ ಪ್ಲಗ್‌ಗೆ, ನೀರು ಹೋಗಿರಬಹುದು. ಅರ್ಧ ಗಂಟೆ ಓಡಿದ ಮೇಲೆ, ಎಂಜಿನ್ ಚೆನ್ನಾಗಿ ಬಿಸಿಯಾದಾಗಲೇ ಬಂದರೆ ಬಿಸಿಗೆ ಕೈಕೊಡುವ ಸೆನ್ಸರ್ ಅಥವಾ ಕನೆಕ್ಷನ್ ಮೇಲೆ ಅನುಮಾನ. ಹೈವೇಯಲ್ಲಿ ಓವರ್‌ಟೇಕ್ ಮಾಡಲು ಪೂರ್ತಿ ತುಳಿದಾಗ ಮಾತ್ರ ಬಂದರೆ, ಅದೂ ಟರ್ಬೊ ಡೀಸೆಲ್ ಆದರೆ, ಟರ್ಬೊ ಒತ್ತಡದ ತಕರಾರೇ ಜಾಸ್ತಿ. ಇಲ್ಲವೇ ಡೀಸೆಲ್ ಫಿಲ್ಟರ್ ಕಟ್ಟಿಕೊಂಡಿದ್ದು, ಜೋರಾಗಿ ಎಳೆದಾಗ ಮಾತ್ರ ಇಂಧನ ಸಾಲದೆ ಹೋಗುತ್ತಿರಬಹುದು.

ನನ್ನ ನೋಟ್‌ಬುಕ್ಕಿನಲ್ಲಿ ಮೂರು ಸಲದ ಲೆಕ್ಕ ಹೀಗಿತ್ತು. ಗಂಟೆಗೆ 11 ಕಿಲೋಮೀಟರ್, ಏರು, ಮೊದಲ ಗೇರ್. ಗಂಟೆಗೆ 9 ಕಿಲೋಮೀಟರ್, ಬೇಸ್‌ಮೆಂಟಿನ ಪಾರ್ಕಿಂಗ್‌ನಿಂದ ಮೇಲೆ ಬರುವ ಏರು, ಮೊದಲ ಗೇರ್. ಗಂಟೆಗೆ 14 ಕಿಲೋಮೀಟರ್, ಸಿಗ್ನಲ್, ಗಾಡಿ ತುಂಬ ಜನ, ಮೊದಲ ಗೇರ್. ಹೈವೇಯಲ್ಲಿ ಒಂದು ಸಲವೂ ಇಲ್ಲ.

[ದೃಶ್ಯ: ಮಲ್ಟಿಮೀಟರ್ ಬ್ಯಾಟರಿ ಟರ್ಮಿನಲ್‌ಗಳ ಮೇಲೆ.]

ಅದನ್ನು ಹಿಡಿದುಕೊಂಡು ಹೋಗುವ ಮುಂಚೆ ಬ್ಯಾಟರಿ ನೋಡಿಬಿಡೋಣ, ಐದು ನಿಮಿಷದ ಕೆಲಸ. ರಾತ್ರಿಯಿಡೀ ನಿಂತ ಗಾಡಿಯಲ್ಲಿ 12.6 ವೋಲ್ಟ್ ಆಸುಪಾಸು ಇರಬೇಕು. ಎಂಜಿನ್ ಓಡುವಾಗ 13.8ರಿಂದ 14.5. ಸ್ಟಾರ್ಟ್ ಮಾಡುವಾಗ 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿ ಸುಸ್ತಾಗಿದೆ. ಆಮೇಲೆ ಮೀಟರಿನ ಒಂದು ತುದಿ ಬ್ಯಾಟರಿ ಮೈನಸ್‌ಗೆ, ಇನ್ನೊಂದು ಎಂಜಿನ್ ಬ್ಲಾಕಿಗೆ. ಎಂಜಿನ್ ಓಡುತ್ತಾ, ಹೆಡ್‌ಲೈಟ್, ಬ್ಲೋವರ್ ಎಲ್ಲ ಹಾಕಿದಾಗ ಅಲ್ಲಿ 0.2 ವೋಲ್ಟ್ ಮೀರಬಾರದು. ಮೀರಿದರೆ ಅರ್ಥ್ ಕೇಬಲ್ ತುಕ್ಕು ಹಿಡಿದಿರಬಹುದು, ಇಲ್ಲವೇ ಸಡಿಲವಾಗಿರಬಹುದು.

ಬೀಪ್ ಬರುತ್ತದಾ ಅಂತ ಕಂಟಿನ್ಯುಯಿಟಿ, ಅಂದರೆ ವೈರ್ ತುಂಡಾಗಿಲ್ಲ ಅನ್ನುವುದನ್ನು ಮಾತ್ರ, ನೋಡಿ ಸಮಾಧಾನ ಪಡಬೇಡಿ. ವೈರಿನೊಳಗೆ ಒಂದೇ ಒಂದು ಎಳೆ ಉಳಿದಿದ್ದರೂ ಮೀಟರ್ ಖುಷಿಯಾಗಿ ಬೀಪ್ ಅನ್ನುತ್ತದೆ. ಕರೆಂಟ್ ಹರಿಯುವಾಗ ಅಳೆದರೆ ಮಾತ್ರ ಸತ್ಯ ಹೊರಗೆ ಬರುತ್ತದೆ.

[ದೃಶ್ಯ: ಬಿಳಿ ಬೋರ್ಡು. ಇಸಿಯುವಿನಿಂದ ಹೊರಟ ಒಂದು ಗೆರೆ ಕವಲೊಡೆದು ಹಲವು ಸೆನ್ಸರ್‌ಗಳಿಗೆ ಹೋಗುತ್ತದೆ.]

ಈಗ ಆ ಮೂರು ಕೋಡ್‌ಗಳಿಗೆ ವಾಪಸ್ ಬರೋಣ. ಪೆಡಲ್ ಇರುವುದು ಕಾಲ ಬುಡದಲ್ಲಿ. ಮ್ಯಾಪ್ ಸೆನ್ಸರ್ ಇರುವುದು ಎಂಜಿನ್ ಮೇಲೆ. ಎರಡೂ ಒಂದೇ ಕ್ಷಣದಲ್ಲಿ ಕೆಡುವುದು ಹೇಗೆ? ಮನೆಯಲ್ಲಿ ಮೂರು ಕೋಣೆಯ ದೀಪ ಒಟ್ಟಿಗೆ ಆರಿದರೆ ಬಲ್ಬ್ ಬದಲಾಯಿಸುತ್ತೀರಾ? ಫ್ಯೂಸ್ ನೋಡುತ್ತೀರಿ, ಅಲ್ವಾ?

ಇಲ್ಲೂ ಹಾಗೇ. ಇಂಥ ಸೆನ್ಸರ್‌ಗಳಿಗೆ ಇಸಿಯು 5 ವೋಲ್ಟ್ ಕಳಿಸುತ್ತದೆ. ಸೆನ್ಸರ್ ಅದರಲ್ಲಿ ಒಂದು ಭಾಗವನ್ನು ವಾಪಸ್ ಕೊಟ್ಟು ತನ್ನ ಲೆಕ್ಕ ಹೇಳುತ್ತದೆ. ಒಂದೇ 5 ವೋಲ್ಟ್ ಲೈನ್ ಹಲವು ಸೆನ್ಸರ್‌ಗಳಿಗೆ ಹಂಚಿಹೋಗಿರುತ್ತದೆ. ಅದರಲ್ಲಿ ಒಂದು ಕವಲು ಎಲ್ಲೋ ಗಾಡಿಯ ಲೋಹದ ಮೈಗೆ ತಾಗಿದರೂ ಆ ಲೈನಿನಲ್ಲಿರುವ ಎಲ್ಲ ಸೆನ್ಸರ್‌ಗಳೂ ಮಕಾಡೆ ಮಲಗುತ್ತವೆ. ನನ್ನ ಕಾರಿನ ಪೆಡಲ್‌ನ ಎರಡು ಸೆನ್ಸರ್‌ಗಳಿಗೆ ಬೇರೆ ಬೇರೆ 5 ವೋಲ್ಟ್ ಲೈನ್ ಇದೆ. ಒಂದು ಲೈನ್ ಬಿದ್ದಾಗ ಒಂದು ಸೆನ್ಸರ್ ಬಿತ್ತು, ಇನ್ನೊಂದು ಸರಿಯಾಗೇ ಇತ್ತು. ಹಾಗಾಗಿ ಎರಡೂ ತಾಳೆಯಾಗಲಿಲ್ಲ. ಪೆಡಲ್ ಮೇಲೆ ಅಪವಾದ ಬಂದಿದ್ದು ಹೀಗೆ. ನಿಜ ಹೇಳುತ್ತಿದ್ದದ್ದು ಪಿ 0642. ಲಿಸ್ಟಿನಲ್ಲಿ ಕೊನೆಗಿತ್ತು ಅಂತ ಯಾರೂ ಅದನ್ನು ಕೇಳಲಿಲ್ಲ.

[ದೃಶ್ಯ: ಮ್ಯಾಪ್ ಸೆನ್ಸರ್ ಕಪ್ಲರ್. ಹಿಂಬದಿಯಿಂದ ತೆಳುವಾದ ಪಿನ್ ತೂರಿಸಿ ಮೀಟರ್ ಜೋಡಿಸಲಾಗಿದೆ. 5.01 ವೋಲ್ಟ್.]

ಕಪ್ಲರಿನ ಹಿಂಬದಿಯಿಂದ ಪಿನ್ ತೂರಿಸಿ ಮೀಟರ್ ಹಾಕಿದೆ. ವೈರಿನ ಮೈಗೆ ಸೂಜಿ ಚುಚ್ಚಬೇಡಿ, ನಾಳೆ ಅಲ್ಲೇ ನೀರು ಇಳಿಯುತ್ತದೆ. ಎಂಜಿನ್ ಐಡಲ್‌ನಲ್ಲಿ 5.01 ವೋಲ್ಟ್. ವೈರಿನ ಕಟ್ಟನ್ನು ಗೇಣು ಗೇಣಾಗಿ ಅಲ್ಲಾಡಿಸುತ್ತಾ ಹೋದೆ. ಕಪ್ಲರ್ ಎಳೆದೆ, ತಿರುಚಿದೆ. 5.01. ಹೇರ್ ಡ್ರೈಯರ್ ಹಿಡಿದು ಬಿಸಿ ಮಾಡಿದೆ. 5.01. ಒಂದು ಗಂಟೆ ಹೋಯಿತು. ಮೀಟರ್ ಎತ್ತಿ ಬಿಸಾಕುವ ಮನಸ್ಸಾಯಿತು.

ಆಮೇಲೆ ನೋಟ್‌ಬುಕ್ ನೆನಪಾಯಿತು. ಮೊದಲ ಗೇರ್. ಏರು. ನಾನು ನಿಂತ ಗಾಡಿಯಲ್ಲಿ ಹುಡುಕುತ್ತಿದ್ದೆ. ತಪ್ಪು ಬರುವುದು ಗಾಡಿ ಎಳೆಯುವಾಗ. ಎಳೆಯುವಾಗ ಎಂಜಿನ್ ಏನು ಮಾಡುತ್ತದೆ? ಓಲುತ್ತದೆ!

[ದೃಶ್ಯ: ಚಕ್ರಗಳಿಗೆ ಅಡ್ಡ ಇಟ್ಟಿದೆ. ಬಾನೆಟ್ ತೆರೆದಿದೆ. ಫೋನ್ ಸ್ಟ್ಯಾಂಡಿನಲ್ಲಿ. ಕಾರಿನ ಮುಂದೆ, ಹಿಂದೆ ಯಾರೂ ಇಲ್ಲ.]

ಈ ಪರೀಕ್ಷೆ ಮಾಡುವಾಗ ತುಂಬಾ ಹುಷಾರು. ಹ್ಯಾಂಡ್ ಬ್ರೇಕ್ ಪೂರ್ತಿ ಎಳೆದಿರಬೇಕು, ಚಕ್ರಗಳಿಗೆ ಎರಡೂ ಬದಿ ಅಡ್ಡ ಇಟ್ಟಿರಬೇಕು, ಗಾಡಿಯ ಮುಂದೆ ಹಿಂದೆ ಯಾರೂ ನಿಲ್ಲಬಾರದು. ಬಾನೆಟ್ ಒಳಗೆ ಕೈ ಹಾಕಿ ನೋಡುವ ಆಸೆ ಬೇಡ. ಫೋನ್ ನೋಡಿಕೊಳ್ಳಲಿ. ಮೀಟರನ್ನು ಮಿನ್-ಮ್ಯಾಕ್ಸ್‌ಗೆ ಹಾಕಿ, ಆಗ ಅದು ಕಂಡ ಅತಿ ಕಡಿಮೆ, ಅತಿ ಹೆಚ್ಚು ಅಂಕಿಯನ್ನು ನೆನಪಿಟ್ಟುಕೊಳ್ಳುತ್ತದೆ. ಸಾಮಾನ್ಯ ಡಿಸ್‌ಪ್ಲೇ ಸೆಕೆಂಡಿಗೆ ಕೆಲವೇ ಸಲ ಬದಲಾಗುತ್ತದೆ, ಚಿಟಿಕೆ ಹೊಡೆಯುವಷ್ಟರಲ್ಲಿ ಬಂದು ಹೋಗುವ ತಪ್ಪು ಕಣ್ಣಿಗೆ ಬೀಳುವುದಿಲ್ಲ.

ಮೊದಲ ಗೇರ್ ಹಾಕಿ, ಬ್ರೇಕ್ ತುಳಿದೇ, ಕ್ಲಚ್ ಸ್ವಲ್ಪವೇ ಬಿಟ್ಟೆ. ಎಂಜಿನ್ ಭಾರಕ್ಕೆ ಗೊರಗೊರ ಅಂದಿತು. ತಕ್ಷಣ ಕ್ಲಚ್ ಒತ್ತಿದೆ. ಮೂರನೇ ಸಲಕ್ಕೆ ಹಳದಿ ಲೈಟ್! ಆ ಲೈಟ್ ನೋಡಿ ಅಷ್ಟು ಖುಷಿಪಟ್ಟದ್ದು ಜೀವನದಲ್ಲಿ ಅದೇ ಮೊದಲು. ಮೀಟರಿನ ಮಿನಿಮಮ್: 0.31 ವೋಲ್ಟ್.

[ದೃಶ್ಯ: ಫೋನ್ ವಿಡಿಯೋ, ನಿಧಾನಗತಿಯಲ್ಲಿ. ಎಂಜಿನ್ ಹಿಂದಕ್ಕೆ ವಾಲುತ್ತದೆ. ವೈರ್ ಕಟ್ಟು ಬಿಗಿಯಾಗುತ್ತದೆ.]

ಇಲ್ಲಿ ನೋಡಿ. ಕ್ಲಚ್ ಬಿಡುತ್ತಿದ್ದ ಹಾಗೆ ಎಂಜಿನ್ ಎರಡು ಬೆರಳಿನಷ್ಟು ಹಿಂದಕ್ಕೆ ವಾಲುತ್ತಿದೆ. ಅಷ್ಟು ವಾಲಬಾರದು. ಅದರ ಜೊತೆಗೆ ಈ ವೈರಿನ ಕಟ್ಟು ತಂತಿಯ ಹಾಗೆ ಬಿಗಿಯಾಗಿ, ಈ ಕಬ್ಬಿಣದ ಬ್ರಾಕೆಟ್ಟಿನ ಅಂಚಿಗೆ ಉಜ್ಜುತ್ತಿದೆ.

ಎಂಜಿನ್ ಆರಿಸಿ, ಬ್ಯಾಟರಿ ಬಿಚ್ಚಿ, ಆ ಕಟ್ಟನ್ನು ಮೇಲೆತ್ತಿದೆ. ಮೇಲಿನಿಂದ ನೋಡಿದರೆ ಹೊಚ್ಚ ಹೊಸದು. ತಿರುಗಿಸಿದರೆ ಪ್ಲಾಸ್ಟಿಕ್ ಕೊಳವೆ ಸವೆದು ಸೀಳಾಗಿದೆ, ಒಳಗೆ ಒಂದೇ ಒಂದು ವೈರಿನ ಮೈ ಕಿತ್ತು ತಾಮ್ರ ಕಾಣುತ್ತಿದೆ. ಅಕ್ಕಿಕಾಳಿನಷ್ಟು ಜಾಗ, ಅಂಚಿನಲ್ಲಿ ಹಸಿರು ಕಿಲುಬು. ಬ್ರಾಕೆಟ್ಟಿನ ಅಂಚಿನ ಬಣ್ಣ ಅಷ್ಟೇ ಜಾಗದಲ್ಲಿ ಹೋಗಿ ಪಳಪಳ ಅನ್ನುತ್ತಿದೆ. ನಾನು ಅಲ್ಲಾಡಿಸುವಾಗ ಕಟ್ಟನ್ನು ಮೇಲಕ್ಕೆ ಎತ್ತುತ್ತಿದ್ದೆ. ಅಂದರೆ ಪ್ರತಿ ಸಲವೂ ನಾನೇ ಅದನ್ನು ಬ್ರಾಕೆಟ್ಟಿನಿಂದ ದೂರ ಮಾಡುತ್ತಿದ್ದೆ!

ಮೂಲ ಕಾರಣ ವೈರೂ ಅಲ್ಲ. ಎಂಜಿನ್ನನ್ನು ಹಿಡಿದಿಡುವ ಮೌಂಟಿಂಗ್‌ನ ರಬ್ಬರ್ ಹರಿದಿತ್ತು. ಹರಿದಿದ್ದಕ್ಕೆ ಎಂಜಿನ್ ಜಾಸ್ತಿ ಓಲುತ್ತಿತ್ತು, ಓಲಿದ್ದಕ್ಕೆ ವೈರ್ ಉಜ್ಜುತ್ತಿತ್ತು. ಕೆಟ್ಟದ್ದು ರಬ್ಬರ್, ಬೈಗುಳ ತಿಂದದ್ದು ಪೆಡಲ್.

[ದೃಶ್ಯ: ವೈರ್ ಜೋಡಿಸುವ ಕೆಲಸ. ಹೀಟ್ ಶ್ರಿಂಕ್ ಮುದುಡುವುದು ಹತ್ತಿರದಿಂದ.]

ರಿಪೇರಿ ಹೆಚ್ಚೇನಿಲ್ಲ. ಕಿಲುಬು ಹಿಡಿದ ತುಂಡು ಕತ್ತರಿಸಿ, ಅದೇ ದಪ್ಪದ ಹೊಸ ವೈರ್ ಸೇರಿಸಿ, ಒಳಗೆ ಅಂಟು ಇರುವ ಹೀಟ್ ಶ್ರಿಂಕ್, ಅಂದರೆ ಬಿಸಿಗೆ ಮುದುಡಿ ಬಿಗಿಯಾಗುವ ಕೊಳವೆ, ಹಾಕಿದೆ. ಬರೀ ಟೇಪ್ ಸುತ್ತಿದರೆ ಬಿಸಿಗೆ ಅಂಟು ಬಿಟ್ಟು ಬಾಲದ ಹಾಗೆ ನೇತಾಡುತ್ತದೆ. ಕಟ್ಟಿಗೆ ಸ್ವಲ್ಪ ಸಡಿಲ ಕೊಟ್ಟು ಬ್ರಾಕೆಟ್ಟಿನಿಂದ ದೂರ ಕ್ಲಿಪ್ ಹಾಕಿದೆ. ಮೌಂಟಿಂಗ್ ಹೊಸದು.

ನಿಮ್ಮದು ಟರ್ಬೊ ಡೀಸೆಲ್ ಆಗಿದ್ದು, ಕೋಡ್ ಪಿ 0299 ಅಂದರೆ ಒತ್ತಡ ಕಡಿಮೆ, ಅಥವಾ ಪಿ 0234 ಅಂದರೆ ಒತ್ತಡ ಜಾಸ್ತಿ ಅಂತ ಬಂದರೆ ದಾರಿ ಬೇರೆ. ಯಾರಾದರೂ "ಟರ್ಬೊ ಹೋಗಿದೆ" ಅಂದ ಕೂಡಲೇ ಒಪ್ಪಿಕೊಳ್ಳಬೇಡಿ. ಎಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿ, ಸ್ಕ್ಯಾನರಿನಲ್ಲಿ ಮ್ಯಾಪ್ ಲೆಕ್ಕ ನೋಡಿ. ಅದು ಹೊರಗಿನ ಗಾಳಿಯ ಒತ್ತಡ ತೋರಿಸಬೇಕು. ಸಮುದ್ರಮಟ್ಟದಲ್ಲಿ ಸುಮಾರು 100 ಕಿಲೋಪ್ಯಾಸ್ಕಲ್, ಎತ್ತರದ ಜಾಗದಲ್ಲಿ ಇನ್ನೂ ಕಡಿಮೆ. ಅಲ್ಲೇ ತಪ್ಪಿದ್ದರೆ ಸೆನ್ಸರ್ ಅಥವಾ ಅದರ ವೈರಿಂಗ್ ಸುಳ್ಳು ಹೇಳುತ್ತಿದೆ. ಸರಿಯಿದ್ದರೆ ಟರ್ಬೊ ನಡೆಸುವ ಸಣ್ಣ ವ್ಯಾಕ್ಯೂಮ್ ಪೈಪುಗಳನ್ನು ಒಂದೊಂದಾಗಿ ಬಗ್ಗಿಸಿ ನೋಡಿ. ವರ್ಷಗಟ್ಟಲೆ ಬಿಸಿ ತಿಂದ ರಬ್ಬರ್ ತುದಿಯಲ್ಲೇ ಬಿರುಕು ಬಿಡುತ್ತದೆ. ಕೈ ಪಂಪಿನಿಂದ ಆಕ್ಚುಯೇಟರ್‌ಗೆ, ಅಂದರೆ ಟರ್ಬೊದ ಸರಳನ್ನು ಎಳೆಯುವ ಡಬ್ಬಿಗೆ, ವ್ಯಾಕ್ಯೂಮ್ ಕೊಟ್ಟರೆ ಸರಳು ಸಲೀಸಾಗಿ ಚಲಿಸಿ ಹಾಗೇ ನಿಲ್ಲಬೇಕು. ತಾನಾಗಿ ಇಳಿದರೆ ಒಳಗೆ ಲೀಕ್, ತಡೆತಡೆದು ಚಲಿಸಿದರೆ ಟರ್ಬೊ ಒಳಗಿನ ರೆಕ್ಕೆಗಳಿಗೆ ಮಸಿ ಮೆತ್ತಿಕೊಂಡಿರಬಹುದು. ಇದಕ್ಕೇ ಒಂದು ವಿಡಿಯೋ ಬೇಕು, ಮಾಡುತ್ತೇನೆ.

[ದೃಶ್ಯ: ಮತ್ತೆ ಅದೇ ಏರು. ಪಕ್ಕದ ಸೀಟಿನ ಮೇಲೆ ಉದ್ದ ವೈರಿನಿಂದ ಜೋಡಿಸಿದ ಮಲ್ಟಿಮೀಟರ್.]

ರಿಪೇರಿ ಆದ ಮೇಲೆ ಕೋಡ್ ಅಳಿಸಿದೆ. ಈಗ ಅಳಿಸಬಹುದು, ಎಲ್ಲ ಬರೆದಿಟ್ಟುಕೊಂಡಿದ್ದೇನಲ್ಲ. ಆಮೇಲೆ ಮೂರು ಜನ ಸ್ನೇಹಿತರನ್ನು ಗಾಡಿಯಲ್ಲಿ ಕೂರಿಸಿಕೊಂಡು ಅದೇ ಏರಿಗೆ ಬಂದೆ. ನಡುವೆ ನಿಲ್ಲಿಸಿದೆ. ಮೊದಲ ಗೇರ್, ಕ್ಲಚ್ ಬಿಟ್ಟೆ, ತುಳಿದೆ. ಹತ್ತು ಸಲ. ಹಿಂದೆ ಕೂತವನಿಗೆ ತಲೆ ಸುತ್ತು ಬಂತು.

ಮೀಟರಿನ ಮಿನಿಮಮ್: 4.99.

[ದೃಶ್ಯ: ಮೀಟರಿನ ಅಂಕಿ ಹತ್ತಿರದಿಂದ. ವಿಡಿಯೋ ಮುಗಿಯುತ್ತದೆ.]