ಕಾವಿಗೆ 12 ಮೊಟ್ಟೆ ಇಟ್ಟಿದ್ದು 19 ಆಗಿದ್ದು ಹೆಂಗೆ?

ಕೇಳಿಸ್ತಾ? ಆ ಗುರ್ರ್ ಅನ್ನೋ ಸದ್ದು ಬೆಕ್ಕಿಂದಲ್ಲ, ಕೋಳಿದು. ಕಾವಿಗೆ ಕೂತ ಹ್ಯಾಟೆ ಹಂಗೇ. ಪುಕ್ಕ ಎಲ್ಲ ಕೆದರ್ಕೊಂಡು, ತಟ್ಟೆ ಥರ ಚಪ್ಪಟೆ ಆಗಿ ಕೂತ್ಬಿಟ್ಟವ್ಳೆ. ಕೈ ಹಾಕಿದ್ರೆ ಕುಕ್ಕೋದು ಗ್ಯಾರಂಟಿ. ಪಾಂಡವಪುರದ ಕಡೆ, ಕಬ್ಬಿನ ಗದ್ದೆ ಪಕ್ಕದ ಹಿತ್ತಲು ಇದು. ಬುಟ್ಟಿಗೆ ಹಾಕಿರೋದೂ ಕಬ್ಬಿನ ತರಗೇ. ದುಡ್ಡಿಲ್ದೆ ಸಿಗುತ್ತೆ, ಬೆಚ್ಚಗಿರುತ್ತೆ, ಭತ್ತದ ಹುಲ್ಲಿಗಿಂತ ಇದೇ ವಾಸಿ.

ಈಗ ಎತ್ತೋಣ. ಒಂದು ನಿಮಿಷ, ಹಂಗೆ ಎತ್ಬಾರ್ದು. ಮೊದ್ಲು ಎರಡೂ ರೆಕ್ಕೆ ಕೆಳಗೆ ಬೆರಳಾಡಿಸಿ. ನೋಡಿ, ಒಂದು ಮೊಟ್ಟೆ ರೆಕ್ಕೆ ಸಂದಿಲಿ ಸಿಕ್ಕಿತ್ತು. ಸೀದಾ ಎತ್ತಿದ್ರೆ ಅರ್ಧ ಅಡಿ ಮೇಲಿಂದ ಉಳಿದ ಮೊಟ್ಟೆಗಳ ಮೇಲೇ ಬೀಳುತ್ತೆ, ಒಂದರ ಜೊತೆ ಇನ್ನೆರಡು ಹೋಗ್ತವೆ.

ಎಣಿಸ್ತಾ ಇದ್ದೀನಿ. ಹದಿನೇಳು, ಹದಿನೆಂಟು, ಹತ್ತೊಂಬತ್ತು. ಕೂರಿಸಿದ್ದು 12. ಇವತ್ತಿಗೆ 9 ದಿನ.

ಇವಳೇ ಇಟ್ಟಿದ್ದಾ? ಅಲ್ಲ. ಕಾವು ಗಟ್ಟಿ ಆದ್ಮೇಲೆ ಕೋಳಿ ಮೊಟ್ಟೆ ಇಡೋದು ನಿಲ್ಲಿಸ್ತದೆ. ಪ್ರೊಲ್ಯಾಕ್ಟಿನ್ ಅಂತ ಹಾರ್ಮೋನು ಏರುತ್ತೆ, ಮೊಟ್ಟೆಚೀಲ ಕುಗ್ಗುತ್ತೆ. ಮಿಕ್ಕಿದ್ದು ನೆರೆಹೊರೆಯವರ ದಾನ. ಅಲ್ಲಿ ಕಾಣ್ತಾವ್ಳಲ್ಲ ಕಂದು ಬಣ್ಣದೋಳು, ಬಿವಿ 380 ಅನ್ನೋ ಮೊಟ್ಟೆಕೋಳಿ ತಳಿ, ಅವಳೇ ಮೊದಲ ಆರೋಪಿ. ಕೋಳಿಗೆ ಬೇರೆ ಮೊಟ್ಟೆ ಇರೋ ಕಡೆಯೇ ಮೊಟ್ಟೆ ಇಡೋ ಚಟ. ಪಕ್ಕದಲ್ಲಿ ಮೂರು ಬುಟ್ಟಿ ಖಾಲಿ ಬಿದ್ದಿದ್ರೂ ಕಾವಿನೋಳ ಬೆನ್ನ ಮೇಲೆ ಹತ್ತಿ ಕೂತು ಇಟ್ಟೋಗ್ತಾಳೆ. ಇವಳೋ, ಹೊರಗೆ ಉರುಳಿದ್ದನ್ನೂ ಕೊಕ್ಕಿಂದ ಗಲ್ಲದಡಿಗೆ ಎಳ್ಕೊಂಡು ಹೊಟ್ಟೆ ಕೆಳಗೆ ಸೇರಿಸ್ಕೋತಾಳೆ. ಲೆಕ್ಕ ಬರಲ್ಲ.

ಕಂದು ಚಿಪ್ಪಿನವು 6. ಕಣ್ಣಿಗೇ ಕಾಣ್ತವೆ, ಪಕ್ಕಕ್ಕಿಡಿ. ತಲೆನೋವು ಇರೋದು ಉಳಿದ 13ರಲ್ಲಿ. ಎಲ್ಲಾ ನಾಟಿ, ಎಲ್ಲಾ ಒಂದೇ ಥರ ಕೆನೆ ಬಣ್ಣ. ಯಾವುದೋ ಒಂದು ಹೊಸದು. ಕೂರಿಸೋ ದಿನ ಪೆನ್ಸಿಲ್ ಹಿಡಿದು ಗೆರೆ ಎಳೆದಿದ್ರೆ ಈ ಪಾಡೇ ಇರ್ತಿರಲಿಲ್ಲ. ಪೆನ್ಸಿಲ್ಲೇ ಆಗ್ಬೇಕು. ಚಿಪ್ಪಲ್ಲಿ ಉಸಿರಾಡೋ ತೂತು ಇರ್ತವೆ, ಸ್ಕೆಚ್ ಪೆನ್ ಇಂಕು ಒಳಕ್ಕೆ ಇಳಿಯುತ್ತೆ. ಗೆರೆನೂ ಒಂದು ಕಡೆ ಅಲ್ಲ, ಹೊಟ್ಟೆ ಸುತ್ತ ಪೂರ್ತಿ. ಯಾವ ಮಗ್ಗುಲಿಗೆ ತಿರುಗಿದ್ರೂ ಕಾಣ್ಬೇಕು. ಎರಡು ನಿಮಿಷದ ಕೆಲಸ. ಆಗ ಯಾರೂ ಮಾಡಲ್ಲ.

"ಇರ್ಲಿ ಬಿಡಿ, ಮರಿ ಜಾಸ್ತಿ ಆಗ್ತವೆ" ಅನ್ನೋರಿಗೆ ಹೇಳ್ತೀನಿ. ಆಗಲ್ಲ. 21ನೇ ದಿನಕ್ಕೆ ಮೊದಲಿನವು ಒಡೆದು ಮರಿ ಬರ್ತವೆ. ಮರಿ ಹೊಟ್ಟೆಲಿ ಬಂಡಾರದ, ಅಂದ್ರೆ ಮೊಟ್ಟೆಯ ಹಳದಿ ಭಾಗದ, ಅಂಶ ಉಳಿದಿರುತ್ತೆ, ಎರಡು ದಿನ ತಿನ್ನದಿದ್ರೂ ನಡೆಯುತ್ತೆ, ಅಲ್ಲೀವರೆಗೂ ತಾಯಿ ಕಾಯ್ತಾಳೆ. ಆಮೇಲೆ ಮರಿ ಕರ್ಕೊಂಡು ಎದ್ದು ಹೊರಟೇಬಿಡ್ತಾಳೆ. ಐದಾರು ದಿನ ತಡವಾಗಿ ಸೇರಿದ ಮೊಟ್ಟೆಲಿ ಮರಿ ಮುಕ್ಕಾಲು ಬೆಳೆದಿರುತ್ತೆ, ಅದು ತಣ್ಣಗಾಗಿ ಒಳಗೇ ಸಾಯುತ್ತೆ. ಇನ್ನೊಂದು, ನಾಟಿ ಹ್ಯಾಟೆ ಮೈ ಅಡಿಲಿ 10ರಿಂದ 12 ಮೊಟ್ಟೆಗೆ ಮಾತ್ರ ಜಾಗ. 19 ಆದ್ರೆ ಅಂಚಿನವು ಆರುತ್ವೆ. ಇವಳು ಸುಮ್ನೆ ಇರಲ್ಲ, ಅಂಚಿಂದು ನಡುವಿಗೆ, ನಡುವಿಂದು ಅಂಚಿಗೆ ತಿರುಗಿಸ್ತಾನೇ ಇರ್ತಾಳೆ. ಅಂದ್ರೆ ಎಲ್ಲಾ ಮೊಟ್ಟೆಗೂ ಸರದಿ ಪ್ರಕಾರ ಥಂಡಿ. ಕೊನೆಗೆ ಎರಡೋ ಮೂರೋ ಮರಿ. ಅದರ ಮಧ್ಯೆ ಒಂದು ಕೊಳೆತದ್ದು ಒಡೆದ್ರೆ, ಆ ನಾತ... ಬೇಡ, ಊಟದ ಹೊತ್ತು.

ಆ 13ರಲ್ಲಿ ಹೊಸದು ಯಾವುದು ಅಂತ ಈಗ ಹುಡುಕೋಣ. ಕತ್ತಲೆ ಕೋಣೆ. ಮೊಬೈಲ್ ಟಾರ್ಚು, ಮೇಲೆ ರಟ್ಟು, ರಟ್ಟಲ್ಲಿ ಎಂಟಾಣೆ ಅಗಲದ ತೂತು. ದಪ್ಪ ತುದಿ ಬೆಳಕಿಗೆ. ಇದು ನೋಡಿ, ಜೇಡದ ಕಾಲು ಥರ ಕೆಂಪು ನರ, ಮಧ್ಯ ಕಪ್ಪು ಚುಕ್ಕೆ ಅಲ್ಲಾಡ್ತೈತೆ. ಮರಿ ಐತೆ. ಇದೂ ಐತೆ. ಇದು ಬೇಡ, ನರ ಕರಗಿ ರಕ್ತದ ಉಂಗುರ ಒಂದೇ ಉಳಿದೈತೆ, ಮೂರ್ನಾಲ್ಕು ದಿನಕ್ಕೇ ಸತ್ತಿರೋದು. ಈ ಎರಡು ಖಾಲಿ. ಎರಡರಲ್ಲಿ ಯಾವುದು ಹುಂಜ ಸೇರದ ಹಳೇದು, ಯಾವುದು ಹೊಸದು? ದಪ್ಪ ತುದಿಲಿ ಗಾಳಿಗುಳ್ಳೆ ನೋಡಿ. ಇದರಲ್ಲಿ ದೊಡ್ಡದು, 9 ದಿನದ ಬಿಸಿಗೆ ನೀರು ಆರಿರೋದು. ಇದರಲ್ಲಿ ಕಡ್ಲೆಬೇಳೆ ಅಷ್ಟೇ. ಚಿಪ್ಪೂ ಹೇಳುತ್ತೆ. ಕಾವಲ್ಲಿ ಕೂತ ಮೊಟ್ಟೆ ಕೋಳಿ ಮೈಗೆ ಉಜ್ಜಿ ಉಜ್ಜಿ ಎಣ್ಣೆ ಸವರಿದ ಹಂಗೆ ಹೊಳೀತದೆ. ಹೊಸದರ ಮೇಲೆ ಪುಡಿ ಹಾಕಿದಂಗೆ ಮಬ್ಬು. ಹೆಂಗೂ ಎರಡೂ ಆಚೆಗೇ. ಉಳಿದಿದ್ದು 10.

ತೆಗೆದವನ್ನ ಹಸಿಯಾಗಿ ಕೋಳಿ ಮುಂದೆ ಒಡೆದು ಹಾಕ್ಬೇಡಿ. ಒಂದ್ಸಲ ರುಚಿ ಸಿಕ್ಕಿದ್ರೆ ತಮ್ಮ ಮೊಟ್ಟೆ ತಾವೇ ಒಡೆದು ಕುಡಿಯೋಕೆ ಶುರು ಮಾಡ್ತವೆ, ಆ ಚಟ ಬಿಡ್ಸೋದು ಬಲು ಕಷ್ಟ.

ಹಾಂ, ಆಚೆ ಏನೋ ಗಲಾಟೆ. ಕಾವಿನೋಳು ಹಿಕ್ಕೆ ಹಾಕಿದ್ದು, ಅಷ್ಟೇ. ದಿನಕ್ಕೊಂದೇ ಸಲ, ಅದಕ್ಕೇ ಅಷ್ಟು ದಪ್ಪ, ಅಷ್ಟು ವಾಸನೆ. ರೋಗ ಅಂತ ಹೆದರಬೇಡಿ. ಇಡೀ ಮುಸುಕಿನ ಜೋಳ ಒಂದು ಹಿಡಿ, ನೀರು, ಮಣ್ಣಲ್ಲಿ ಹೊರಳಾಟ, ಎಲ್ಲಾ ಸೇರಿ 20 ನಿಮಿಷ. ಆ ಹೊರಳಾಟ ತಪ್ಪಿಸಬೇಡಿ, ಹೇನು ಉದುರೋದು ಅದರಲ್ಲೇ. ಬುಟ್ಟಿಗೆ ಬೇವಿನ ಸೊಪ್ಪು ಹಾಕ್ತಾರೆ, ಹಾಕಿ, ಆದ್ರೆ ಅದನ್ನೇ ನಂಬ್ಕೊಂಡು ಕೂರಬೇಡಿ.

ಅಯ್ಯೋ, ಇಲ್ಲಿ ನೋಡಿ. ಪಕ್ಕದ ಖಾಲಿ ಬುಟ್ಟಿಗೆ ಹೋಗಿ ಕೂತ್ಲು! ಮಾಮೂಲಿ ಎಡವಟ್ಟು. ಕೋಳಿಗೆ ಮೊಟ್ಟೆ ಗುರುತಿರಲ್ಲ, ಜಾಗ ಗುರುತು. ಸಾಲಾಗಿ ಒಂದೇ ಥರ ಬುಟ್ಟಿ ಇಟ್ರೆ ಹಿಂಗೇ. ಅವಳ ಪಾಲಿಗೆ ಖಾಲಿ ತರಗೂ ಸಂಸಾರವೇ. ಅರ್ಧ ಗಂಟೆ ಆರಿದ್ರೆ ಮೊಟ್ಟೆಗೆ ಏನೂ ಆಗಲ್ಲ, ಪೂರ್ತಿ ರಾತ್ರಿ ಆದ್ರೆ ಮುಗೀತು. ಜಾಗ ಬದಲಾಯಿಸೋದಾದ್ರೆ ರಾತ್ರಿನೇ ಎತ್ತಿಡಿ, ಮೇಲೆ ಮಂಕರಿ ಮುಚ್ಚಿ ಒಂದು ದಿನ ಬಿಡಿ.

ಮರಿ ಬೇಡ, ಕಾವು ಬಿಡ್ಸಬೇಕು ಅಂದ್ರೆ? ಮೂಗಿಗೆ ಪುಕ್ಕ ಚುಚ್ಚೋದು ಬರೀ ಹಿಂಸೆ. ನೀರಲ್ಲಿ ಅದ್ದೋದೂ ದಂಡ. ಅಲ್ಲ, ಪೂರ್ತಿ ದಂಡ ಅನ್ನಂಗಿಲ್ಲ, ಏಪ್ರಿಲ್ ಬಿಸಿಲಲ್ಲಿ ಹೊಟ್ಟೆ ತಂಪಾಗಿ ಕೆಲವು ಬಿಡ್ತವೆ. ಡಿಸೆಂಬರ್‌ನಲ್ಲಿ ಮಾಡಿದ್ರೆ ಶೀತ ಹಿಡಿಯುತ್ತೆ. ಸರಿಯಾದ್ದು, ತಳಕ್ಕೂ ತಂತಿ ಜಾಲರಿ ಇರೋ ಗೂಡು, ನೆಲದಿಂದ ಒಂದಡಿ ಮೇಲೆ. ಹುಲ್ಲು ತರಗು ಏನೂ ಬೇಡ. ಬೆಳಕು, ಮೇವು, ನೀರು ಇರ್ಲಿ. ಕೆಳಗಿಂದ ಗಾಳಿ ಆಡಿ ಹೊಟ್ಟೆ ಬಿಸಿ ಇಳಿಯುತ್ತೆ, 3-4 ದಿನದಲ್ಲಿ ಕಾವಿನ ಆ ಲೊಕ್ ಲೊಕ್ ಸದ್ದು ನಿಲ್ಲುತ್ತೆ. ಕೂತ ಮೊದಲ ದಿನವೇ ಹಾಕಿದ್ರೆ ಬೇಗ, ವಾರ ಬಿಟ್ಟು ಹಾಕಿದ್ರೆ ಸತಾಯಿಸ್ತವೆ. ತಿರುಗಾ ಮೊಟ್ಟೆ ಇಡೋಕೆ ಒಂದೆರಡು ವಾರ ಬೇಕು. ಈ ರಗಳೆನೇ ಬೇಡ ಅನ್ನೋರು ಹೆಬ್ಬಾಳದ ಗಿರಿರಾಜ, ಹೆಸರಘಟ್ಟದ ಕಾವೇರಿ ಥರದ ತಳಿ ಸಾಕ್ತಾರೆ, ಅವು ಕಾವು ಕೂರೋದು ಅಪರೂಪ. ಆದ್ರೆ ಆಗ ಮರಿ ಕೊಂಡೇ ತರಬೇಕು.

ಆ, ತರಗು ವಾಸಿ ಅಂದಿದ್ನಲ್ಲ, ವಾಪಸ್ ತಗೋತೀನಿ. ನೋಡಿ ಮೊಟ್ಟೆ ಎಲ್ಲಾ ಜಾರಿ ಬುಟ್ಟಿ ತಳ ಮುಟ್ಟಿವೆ. ಅಡಿಲಿ ಎರಡಿಂಚು ಮರಳು, ಮೇಲೆ ಭತ್ತದ ಹುಲ್ಲು, ನಡುವೆ ತಟ್ಟೆ ಥರ ಗುಂಡಿ. ಹಂಗೆ ಬದಲಾಯಿಸ್ದೆ.

10 ಮೊಟ್ಟೆ ಒಳಗೆ, ಸುತ್ತ ಪೆನ್ಸಿಲ್ ಗೆರೆ. ಇವಳನ್ನ ಬಿಟ್ಟೆ. ಕಾಲು ಒಳಗೆ ಸರಿಸ್ಕೊಂಡ್ಲು, ಎದೆ ಪುಕ್ಕ ಅಗಲಿಸಿ ಬರೀ ಚರ್ಮ ಮೊಟ್ಟೆಗೆ ತಾಗಿಸ್ತಾವ್ಳೆ, ಕಾಣ್ತಾ? ಎದೆ ಪುಕ್ಕ ಅಲ್ಲಿ ಉದುರಿರೋದು ಇದಕ್ಕೇ. ಇನ್ನು 12 ದಿನ. 18ನೇ ದಿನಕ್ಕೆ ಇನ್ನೊಂದ್ಸಲ ಟಾರ್ಚು, ಆಮೇಲೆ ಮುಟ್ಟಂಗಿಲ್ಲ... ಏಯ್, ಕಂದು ಬಂದ್ಲು ನೋಡಿ, ಬೆನ್ನ ಮೇಲೆ ಹತ್ತಾವ್ಳೆ. ಹೂಷ್! ಹೂಷ್! ಕ್ಯಾಮರಾ ಇಟ್ಟೆ, ಮಂಕರಿ ತರ್ತೀನಿ.