ಕ್ಯಾಸೆಟ್ಟಿನ ಚಿತ್ರ ಚೆನ್ನಾಗುವುದು ಕಂಪ್ಯೂಟರಿನಲ್ಲಲ್ಲ

(ಮೈಸೂರಿನಲ್ಲಿ ನೀಡಿದ ಉಪನ್ಯಾಸದ ಬರಹರೂಪ)

ಎಲ್ಲರಿಗೂ ನಮಸ್ಕಾರ. ಭಾನುವಾರದ ಬೆಳಗನ್ನು ಬಿಟ್ಟುಕೊಟ್ಟು ಬಂದಿದ್ದೀರಿ, ಕೆಲವರು ಕೈಚೀಲದಲ್ಲಿ ಹಳೆಯ ವಿಡಿಯೊ ಕ್ಯಾಸೆಟ್ಟುಗಳನ್ನೂ ತಂದಿದ್ದೀರಿ. ಹಾಗಾಗಿ ಪೀಠಿಕೆ ಬೇಡ, ನೇರ ವಿಷಯಕ್ಕೆ ಬರುತ್ತೇನೆ.

ಕ್ಯಾಸೆಟ್ ತರುವವರು ನನ್ನನ್ನು ಮೊದಲು ಕೇಳುವುದು ಒಂದೇ ಮಾತು: "ಸಾರ್, ಯಾವ ಸಾಫ್ಟ್‌ವೇರ್ ಹಾಕಿದರೆ ಕ್ಲಿಯರ್ ಆಗುತ್ತೆ?" ಈಗ ಎಐ ಬಂದ ಮೇಲಂತೂ "ಫೋರ್‌ಕೆ ಮಾಡಿಕೊಡಿ" ಅನ್ನುವವರೇ ಹೆಚ್ಚು. ನನ್ನ ಉತ್ತರ ಅವರಿಗೆ ಅಷ್ಟಾಗಿ ರುಚಿಸುವುದಿಲ್ಲ. ಚಿತ್ರ ಹೇಗೆ ಬರುತ್ತದೆ ಅನ್ನುವುದರ ಬಹುಪಾಲು ಕಂಪ್ಯೂಟರಿಗೆ ಹೋಗುವ ಮೊದಲೇ, ಕ್ಯಾಸೆಟ್ ಓಡಿಸುವ ವಿಸಿಆರ್ ಹೊಟ್ಟೆಯೊಳಗೇ ತೀರ್ಮಾನವಾಗಿಬಿಟ್ಟಿರುತ್ತದೆ. ಮಂಡ್ಯದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗಾಣದಲ್ಲಿ ಇಳಿಯದ ಕಬ್ಬಿನ ಹಾಲು ಕೊಪ್ಪರಿಗೆಗೆ ಎಷ್ಟು ಉರಿ ಹಾಕಿದರೂ ಬೆಲ್ಲವಾಗುವುದಿಲ್ಲ.

ಮೊದಲು ಕ್ಯಾಸೆಟ್ಟಿನಲ್ಲಿ ಇರುವುದೆಷ್ಟು ನೋಡೋಣ. ನಮ್ಮ ಮನೆಗಳಲ್ಲಿರುವ ಈ ಕ್ಯಾಸೆಟ್ಟಿನ ಪದ್ಧತಿ ವಿಎಚ್‌ಎಸ್. ಅದನ್ನು ಜಪಾನಿನ ಜೆವಿಸಿ ಕಂಪನಿ 1976ರಲ್ಲಿ ಮಾರುಕಟ್ಟೆಗೆ ತಂದಿತು. ಅರ್ಧ ಇಂಚು ಅಗಲದ ಟೇಪು. ನಮ್ಮ ದೇಶದ ಟಿವಿಯ ಪ್ಯಾಲ್ ಪದ್ಧತಿಯಲ್ಲಿ ಅದು ಸೆಕೆಂಡಿಗೆ ಎರಡೂಕಾಲು ಸೆಂಟಿಮೀಟರ್‌ಗಿಂತ ಸ್ವಲ್ಪ ಹೆಚ್ಚು, ಅಷ್ಟೇ ಹರಿಯುತ್ತದೆ. ಆದರೆ ಟೇಪನ್ನು ಬರೆಯುವ, ಓದುವ ಹೆಡ್‌ಗಳಿರುವ ಡ್ರಮ್ಮು ಮಾತ್ರ ನಿಮಿಷಕ್ಕೆ 1500 ಸುತ್ತು ತಿರುಗುತ್ತಾ ಟೇಪಿನ ಮೇಲೆ ಓರೆ ಗೆರೆಗಳನ್ನು ಬರೆಯುತ್ತಾ ಹೋಗುತ್ತದೆ. ಒಂದೊಂದು ಗೆರೆಯೂ ಒಂದು ಫೀಲ್ಡ್, ಅಂದರೆ ಅರ್ಧ ಚಿತ್ರ. ಸೆಕೆಂಡಿಗೆ 50 ಫೀಲ್ಡ್, 25 ಪೂರ್ಣ ಚಿತ್ರ. 625 ಸಾಲುಗಳಲ್ಲಿ ಚಿತ್ರವಿರುವುದು 576ರಲ್ಲಿ. ಅಡ್ಡಡ್ಡಲಾಗಿ ನೋಡಿದರೆ ವಿವರ ಸುಮಾರು 240 ಗೆರೆಯಷ್ಟೇ, ಬಣ್ಣದ ವಿವರ ಅದರಲ್ಲೂ ತೀರಾ ಕಡಿಮೆ. ಇರುವ ಬಂಡವಾಳ ಇಷ್ಟು. ಇದನ್ನು ಸೋರಿಹೋಗದಂತೆ ಪೂರ್ತಿ ಇಳಿಸಿಕೊಳ್ಳುವುದೇ ನಮ್ಮ ಕೆಲಸ.

ನಮ್ಮ ಮನೆಗಳ ಮದುವೆ ಕ್ಯಾಸೆಟ್ಟಿಗೆ ಇನ್ನೂ ಒಂದು ತೊಡಕಿದೆ. ಅದು ಮೂಲ ಕ್ಯಾಸೆಟ್ಟೇ ಅಲ್ಲ. ಕ್ಯಾಮರಾದ ಟೇಪನ್ನು ಸ್ಟುಡಿಯೊದವರು ಮಿಕ್ಸರ್‌ಗೆ ಹಾಕಿ, ಹೃದಯದಾಕಾರ, ಕಮಲದಾಕಾರ, ಚಿತ್ರ ಮಡಚಿ ಹಾರಿಹೋಗುವ ಆಟ ಎಲ್ಲ ಸೇರಿಸಿ, ಹಿಂದೆ ಸಿನಿಮಾ ಹಾಡು ಹಾಕಿ ಇನ್ನೊಂದು ಟೇಪಿಗೆ ಇಳಿಸುತ್ತಿದ್ದರು. ಆಮೇಲೆ ಹೆಣ್ಣಿನ ಕಡೆಯವರಿಗೊಂದು, ಗಂಡಿನ ಕಡೆಯವರಿಗೊಂದು ಪ್ರತಿ. ಹೀಗೆ ಮನೆಗೆ ಬಂದದ್ದು ಎರಡನೆಯದೋ ಮೂರನೆಯದೋ ತಲೆಮಾರು. ಪ್ರತಿಸಲ ನಕಲಾದಾಗಲೂ ಚಿತ್ರ ಮಸುಕಾಗುತ್ತದೆ, ಬಣ್ಣ ಜಾರುತ್ತದೆ. ಆದ್ದರಿಂದ ನನ್ನ ಮೊದಲ ಸಲಹೆ ತಂತ್ರಜ್ಞಾನದ್ದೇ ಅಲ್ಲ: ಬೀಗರ ಮನೆಗೆ ಒಂದು ಫೋನ್ ಮಾಡಿ. ಅವರ ಪ್ರತಿ ನಿಮ್ಮದಕ್ಕಿಂತ ಕಡಿಮೆ ಸವೆದಿರಬಹುದು. ಮುಂಜಿಯೋ ನಾಮಕರಣವೋ ಆಗಿ, ಮನೆಯವರೇ ಹ್ಯಾಂಡಿಕ್ಯಾಮ್‌ನಲ್ಲಿ ಹಿಡಿದಿದ್ದರೆ, ಆ ಕ್ಯಾಮರಾದ ಚಿಕ್ಕ ಕ್ಯಾಸೆಟ್ಟನ್ನೇ ಹುಡುಕಿ ತೆಗೆಯಿರಿ.

ಇನ್ನು ಬೂಷ್ಟು. ಮೈಸೂರಿನ ಹವೆ ಮಂಗಳೂರಿನಷ್ಟು ತೇವದ್ದಲ್ಲ ನಿಜ. ಆದರೆ ಮಳೆಗಾಲದಲ್ಲಿ ಸೋರುವ ಅಟ್ಟ, ಹೊರಗೋಡೆಗೆ ಒತ್ತಿಕೊಂಡ ಬೀರು, ಇಷ್ಟು ಸಾಕು. ಕ್ಯಾಸೆಟ್ಟಿನ ಪಾರದರ್ಶಕ ಕಿಂಡಿಯಿಂದ ಬೆಳಕಿಗೆ ಹಿಡಿದು ನೋಡಿ. ಸುತ್ತಿದ ಟೇಪಿನ ಅಂಚಿನಲ್ಲಿ ಬಿಳಿ ಚುಕ್ಕೆ, ಬಿಳಿ ಎಳೆ ಕಂಡರೆ ಅದು ಬೂಷ್ಟು. ನುಸಿಗುಳಿಗೆ ಇಟ್ಟರೆ ಹೋಗುವಂಥದ್ದಲ್ಲ. ಅಂಥದ್ದನ್ನು ಯಾವ ಕಾರಣಕ್ಕೂ ಮೆಷಿನ್ನಿಗೆ ತುರುಕಬೇಡಿ. ಅದರ ಪುಡಿ ಹೆಡ್‌ಗೆ ಮೆತ್ತುತ್ತದೆ, ಮುಂದಿನ ಒಳ್ಳೆಯ ಕ್ಯಾಸೆಟ್ಟಿಗೂ ಅಂಟುತ್ತದೆ. ಮೊದಲು ಒಣ ಜಾಗದಲ್ಲಿಟ್ಟು ಚೆನ್ನಾಗಿ ಆರಲು ಬಿಡಬೇಕು. ಆಮೇಲೆ ಹಿಂಭಾಗದ ಐದು ಸ್ಕ್ರೂ ಬಿಚ್ಚಿ, ಮೂಗಿಗೆ ಮಾಸ್ಕ್ ಕಟ್ಟಿಕೊಂಡು, ನೂಲು ಬಿಡದ ಬಟ್ಟೆಯಲ್ಲಿ ಟೇಪನ್ನು ನಿಧಾನವಾಗಿ ಒರೆಸಬೇಕು. ಬೇಸರದ ಕೆಲಸ, ಬೇರೆ ದಾರಿಯಿಲ್ಲ.

ಮೆಷಿನ್ನಿನ ವಿಷಯ. ಹೊಸ ವಿಸಿಆರ್ ಇನ್ನು ಸಿಗುವುದಿಲ್ಲ. ಕೊನೆಯದಾಗಿ ತಯಾರಿಸುತ್ತಿದ್ದ ಜಪಾನಿನ ಫುನಾಯ್ ಕಂಪನಿ 2016ರ ಜುಲೈನಲ್ಲಿ ಕೈಬಿಟ್ಟಿತು. ನಮ್ಮಲ್ಲಿ ಗುಜರಿಯಲ್ಲಿ ಸಿಗುವವು ಹೆಚ್ಚಾಗಿ ಬರೀ ವಿಸಿಪಿಗಳು, ಅಂದರೆ ರೆಕಾರ್ಡ್ ಮಾಡದೆ ಓಡಿಸಿ ತೋರಿಸುವುದಷ್ಟೇ ಬಲ್ಲವು. ಗಣಪತಿ ಪೆಂಡಾಲಿಗೆ ಟಿವಿ ಜೊತೆ ರಾತ್ರಿಗಿಷ್ಟು ಅಂತ ಬಾಡಿಗೆಗೆ ಹೋಗಿ ಬಂದು ಹೆಡ್ ಸವೆಸಿಕೊಂಡಂಥವು. ಅದನ್ನೇ ಬಳಸಬೇಕಾದರೆ ಟೇಪನ್ನು ಒತ್ತಿಹಿಡಿದು ಎಳೆಯುವ ಪಿಂಚ್ ರೋಲರ್‌ನ ರಬ್ಬರ್ ಗಟ್ಟಿಯಾಗಿದೆಯೇ, ಬೆಲ್ಟ್ ಸಡಿಲವಾಗಿದೆಯೇ ಮೊದಲು ನೋಡಿ. ಹೆಡ್ ಒರೆಸಲು ಕಿವಿಗೆ ಹಾಕುವ ಹತ್ತಿಕಡ್ಡಿ ಬೇಡವೇ ಬೇಡ, ಹತ್ತಿಯ ಎಳೆ ಸಿಕ್ಕಿಕೊಂಡು ಹೆಡ್ಡೇ ಮುರಿಯುತ್ತದೆ. ಮೆತ್ತನೆ ಚರ್ಮದ ತುಂಡನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿ ಡ್ರಮ್ಮಿಗೆ ಒತ್ತಿಹಿಡಿದು, ಡ್ರಮ್ಮನ್ನು ಕೈಯಲ್ಲಿ ತಿರುಗಿಸಿ. ಒರೆಸುವುದು ಡ್ರಮ್ಮು ತಿರುಗುವ ದಿಕ್ಕಿನಲ್ಲಿ ಮಾತ್ರ, ಮೇಲೆ ಕೆಳಗೆ ಉಜ್ಜುವ ಹಾಗಿಲ್ಲ. ವರ್ಷಗಟ್ಟಲೆ ಸುಮ್ಮನೆ ಕೂತಿದ್ದ ಕ್ಯಾಸೆಟ್ಟನ್ನು ಒಮ್ಮೆ ಕೊನೆವರೆಗೆ ಓಡಿಸಿ, ವಾಪಸ್ ಸುತ್ತಿ, ಆಮೇಲೆ ಪ್ಲೇ ಒತ್ತಿ.

ಒಂದು ಉದಾಹರಣೆ ಹೇಳುತ್ತೇನೆ. ಶ್ರೀರಂಗಪಟ್ಟಣದ ಕಡೆಯಿಂದ ಒಬ್ಬ ಹೆಣ್ಣುಮಗಳು ಬಂದಿದ್ದರು. "ಅಣ್ಣ, ಚಿತ್ರ ಹೆಂಗಾರ ಇರ್ಲಿ, ನಮ್ಮಪ್ಪ ಮಾತಾಡೋದು ಸರಿಯಾಗಿ ಕೇಳ್ಸುದ್ರೆ ಸಾಕು" ಅಂದರು. ಹಾಕಿ ನೋಡಿದರೆ ಚಿತ್ರ ಪರವಾಗಿಲ್ಲ, ದನಿ ಮಾತ್ರ ಕಂಬಳಿಯೊಳಗಿಂದ ಬಂದ ಹಾಗೆ. ವಿಎಚ್‌ಎಸ್‌ನಲ್ಲಿ ಸಾಮಾನ್ಯ ಧ್ವನಿ ಟೇಪಿನ ಮೇಲಂಚಿನಲ್ಲಿ ತೆಳುವಾದ ಒಂದು ಪಟ್ಟಿಯಾಗಿರುತ್ತದೆ. ಕೆಳ ಅಂಚಿನಲ್ಲಿರುವುದು ಟೇಪಿನ ಓಟಕ್ಕೆ ತಾಳ ಹಾಕುವ ಕಂಟ್ರೋಲ್ ಟ್ರ್ಯಾಕ್, ಅದು ಮುದುಡಿದರೆ ಚಿತ್ರವೇ ನಿಲ್ಲುವುದಿಲ್ಲ. ರೆಕಾರ್ಡ್ ಮಾಡಿದ ಮೆಷಿನ್ನಿನ ಧ್ವನಿ ಹೆಡ್ ಕೂದಲೆಳೆಯಷ್ಟು ಓರೆಯಾಗಿದ್ದು, ನಮ್ಮದು ನೆಟ್ಟಗಿದ್ದರೆ ದನಿಯ ಮೇಲ್ಪದರವೆಲ್ಲ ಹೋಗಿಬಿಡುತ್ತದೆ. ಧ್ವನಿ ಹೆಡ್ಡಿನ ಓರೆ ಹೊಂದಿಸುವ ಪುಟ್ಟ ಸ್ಕ್ರೂ ಒಂದಿದೆ. ಅದರ ಮೂಲ ಜಾಗಕ್ಕೆ ಗುರುತು ಹಾಕಿಕೊಂಡು, ಕಿವಿಗೊಟ್ಟು ಸ್ವಲ್ಪ ಸ್ವಲ್ಪವೇ ತಿರುಗಿಸಿದಾಗ, "ಊಟ ಮಾಡ್ಕಂಡೇ ಹೋಗ್ಬೇಕು" ಅಂತ ಯಾರನ್ನೋ ತಡೆದು ನಿಲ್ಲಿಸುತ್ತಿದ್ದ ಯಜಮಾನರ ಮಾತು ಸ್ಪಷ್ಟವಾಗಿ ಬಂತು. ಆ ಹೆಣ್ಣುಮಗಳು ಅಳಲಿಲ್ಲ, ಜೋರಾಗಿ ನಕ್ಕರು. ಮಂದವಾದ ದನಿಯನ್ನೇ ಕಂಪ್ಯೂಟರಿಗೆ ಇಳಿಸಿ ಈಕ್ವಲೈಜರ್ ಎಳೆದಿದ್ದರೆ ಹಿಸ್ ಅನ್ನುವ ಸದ್ದಷ್ಟೇ ಏರುತ್ತಿತ್ತು.

ಚಿತ್ರಕ್ಕೂ ಇಂಥದ್ದೇ ಒಂದು ಸಂಗತಿಯಿದೆ. ಇವತ್ತು ನನ್ನ ಮಾತಿನಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಮದುವೆ ಮಂಟಪದ ಕಂಬ, ಬಾಗಿಲ ಚೌಕಟ್ಟು, ನೆಟ್ಟಗಿರಬೇಕಾದ ಯಾವುದನ್ನಾದರೂ ಪರದೆಯ ಮೇಲೆ ಗಮನಿಸಿ. ಅಂಚು ಸಣ್ಣಗೆ ಅಲುಗುತ್ತಿರುತ್ತದೆ, ಮೇಲ್ಭಾಗ ಒಂದು ಕಡೆಗೆ ವಾಲಿರುತ್ತದೆ. ಕಾರಣ ಸರಳ. ಪ್ಯಾಲ್‌ನಲ್ಲಿ ಒಂದು ಸಾಲಿಗೆ ಸಿಗುವ ಸಮಯ 64 ಮೈಕ್ರೋಸೆಕೆಂಡ್. ಹಿಗ್ಗಿದ ಟೇಪು, ಸವೆದ ಮೆಷಿನ್ನು ಎರಡೂ ಸೇರಿ ಪ್ರತಿ ಸಾಲನ್ನೂ ಒಂದಿಷ್ಟು ಬೇಗ ಇಲ್ಲವೇ ತಡವಾಗಿ ಶುರು ಮಾಡುತ್ತವೆ. ಒಂದೇ ಒಂದು ಮೈಕ್ರೋಸೆಕೆಂಡ್ ಹೆಚ್ಚುಕಡಿಮೆಯಾದರೂ 720 ಪಿಕ್ಸೆಲ್ ಅಗಲದ ಚಿತ್ರದಲ್ಲಿ ಆ ಸಾಲು ಹದಿಮೂರು ಪಿಕ್ಸೆಲ್‌ಗಿಂತ ಹೆಚ್ಚು ಸರಿದುಹೋಗುತ್ತದೆ. ಹಳೆಯ ಡಬ್ಬಾ ಟಿವಿ ಇದನ್ನು ಹೇಗೋ ಸಹಿಸಿಕೊಳ್ಳುತ್ತಿತ್ತು, ಸಿಗ್ನಲ್ಲನ್ನು ಕಂಪ್ಯೂಟರಿಗೆ ಇಳಿಸುವ ಕ್ಯಾಪ್ಚರ್ ಕಾರ್ಡ್ ಸಹಿಸುವುದಿಲ್ಲ. ಫ್ರೇಮ್‌ಗಳನ್ನೇ ಬಿಟ್ಟುಬಿಡುತ್ತದೆ, ಕ್ರಮೇಣ ತುಟಿಗೂ ಮಾತಿಗೂ ತಾಳೆ ತಪ್ಪುತ್ತದೆ.

ಪ್ರತಿ ಸಾಲನ್ನೂ ಹಿಡಿದು, ಸರಿಯಾದ ಹೊತ್ತಿಗೆ ಹೊರಬಿಡುವ ಸರ್ಕ್ಯೂಟಿಗೆ ಟೈಮ್ ಬೇಸ್ ಕರೆಕ್ಟರ್ ಅನ್ನುತ್ತಾರೆ. ವಿಎಚ್‌ಎಸ್‌ನ ಸುಧಾರಿತ ರೂಪವಾದ ಎಸ್-ವಿಎಚ್‌ಎಸ್‌ನ ಕೆಲವು ಮೇಲ್ದರ್ಜೆಯ ಡೆಕ್‌ಗಳಲ್ಲಿ, ಅಂದರೆ ವಿಸಿಆರ್‌ಗಳಲ್ಲಿ, ಅದು ಒಳಗೇ ಇರುತ್ತದೆ. ಪ್ಯಾನಸೋನಿಕ್‌ನ ಎನ್‌ವಿ-ಎಫ್‌ಎಸ್200 ಅಂಥದ್ದೊಂದು. ಅದು ಕೈಗೆಟುಕದಿದ್ದರೆ ಹಳೆಯ ಡಿವಿಡಿ ರೆಕಾರ್ಡರ್ ಹುಡುಕಿ. ಅದೇ ಕಂಪನಿಯ ಡಿಎಂಆರ್-ಇಎಸ್10, ಇಎಸ್15 ಮಾದರಿಗಳನ್ನು ವಿಸಿಆರ್‌ಗೂ ಕ್ಯಾಪ್ಚರ್ ಕಾರ್ಡ್‌ಗೂ ನಡುವೆ ಕೂರಿಸಿ, ಏನನ್ನೂ ರೆಕಾರ್ಡ್ ಮಾಡದೆ ಸಿಗ್ನಲ್ ಹಾಯಿಸಿದರೆ ಸಾಕು, ಸಾಲುಗಳು ಬಹಳ ಮಟ್ಟಿಗೆ ನೇರವಾಗುತ್ತವೆ. ಕಂಪ್ಯೂಟರಿನೊಳಗೆ ಹೋದ ಮೇಲೆ ಈ ಅಲುಗಾಟವನ್ನು ಸರಿಪಡಿಸುವ ಭರವಸೆಯ ಫಿಲ್ಟರ್ ನನಗೆ ಸಿಕ್ಕಿಲ್ಲ. ಇಲ್ಲಿ ಇಂಜಿನಿಯರಿಂಗ್ ಹುಡುಗರು ಕೂತಿದ್ದೀರಿ, ನಿಮಗೊಂದು ಬೇರೆ ದಾರಿ: ವಿಎಚ್‌ಎಸ್-ಡೀಕೋಡ್ ಅನ್ನುವ ಮುಕ್ತ ತಂತ್ರಾಂಶ. ಹೆಡ್ಡಿನಿಂದ ಬರುವ ಕಚ್ಚಾ ಆರ್‌ಎಫ್ ಸಿಗ್ನಲ್ಲನ್ನೇ ವೈರ್ ಬೆಸೆದು ಹೊರತೆಗೆದು, ವಿಸಿಆರ್ ಮಾಡುವ ಉಳಿದ ಕೆಲಸವನ್ನೆಲ್ಲ ಸಾಫ್ಟ್‌ವೇರ್‌ನಲ್ಲೇ ಮಾಡುವ ವಿಧಾನ. ಬೆಸುಗೆಗೆ ಹೆದರದವರು ಪ್ರಯತ್ನಿಸಿ.

ವೈರ್ ವಿಷಯದಲ್ಲಿ ಎರಡು ಮಾತು. ಆಂಟೆನಾ ಸಾಕೆಟ್‌ನಿಂದ ಸಿಗ್ನಲ್ ತೆಗೆಯಬೇಡಿ, ಹಳದಿ ಎವಿ ಸಾಕೆಟ್ ಮೇಲು. ಬೆಳಕು, ಬಣ್ಣಗಳನ್ನು ಬೇರೆ ಬೇರೆ ವೈರಿನಲ್ಲಿ ಒಯ್ಯುವ ಎಸ್-ವಿಡಿಯೊ ಸಾಕೆಟ್ ಇದ್ದರೆ ಅದಕ್ಕಿಂತ ಮೇಲು, ಯಾಕೆಂದರೆ ಟೇಪಿನಲ್ಲಿ ಬೆಳಕು, ಬಣ್ಣ ಬೇರೆ ಬೇರೆಯಾಗಿಯೇ ಬರೆದಿರುತ್ತವೆ. ಅವನ್ನು ಒಂದು ವೈರಿನಲ್ಲಿ ಬೆರೆಸಿ ಮತ್ತೆ ಬಿಡಿಸುವ ಕಷ್ಟ ತಪ್ಪುತ್ತದೆ. ಅಮೆರಿಕದಲ್ಲಿರುವ ಮಕ್ಕಳು ಕಳಿಸಿದ ಕ್ಯಾಸೆಟ್ ಆದರೆ ಅದು ಎನ್‌ಟಿಎಸ್‌ಸಿ, ಅಲ್ಲಿನ ಟಿವಿ ಪದ್ಧತಿ. ಅದಕ್ಕೆ ಆ ಪದ್ಧತಿಯನ್ನೇ ಓದುವ ಮೆಷಿನ್ ಬೇಕು.

ಕ್ಯಾಪ್ಚರ್ ಮಾಡುವಾಗ ಚಿತ್ರವನ್ನು ಹಿಂಡಬೇಡಿ, ಅಂದರೆ ಕಂಪ್ರೆಸ್ ಮಾಡಬೇಡಿ. ಅಗ್ಗದ ಯುಎಸ್‌ಬಿ ಕಡ್ಡಿಗಳ ಜೊತೆ ಬರುವ ಸಾಫ್ಟ್‌ವೇರ್ ನೇರವಾಗಿ ಚಿಕ್ಕ ಫೈಲ್ ಮಾಡಿಕೊಡುತ್ತದೆ. ಟೇಪಿನ ಗದ್ದಲವನ್ನು, ಅಂದರೆ ಚಿತ್ರದ ಮೇಲೆ ಕುಣಿಯುವ ಕಾಳು ಕಾಳನ್ನು, ಹಿಡಿದಿಡುವುದಕ್ಕೇ ಅದರ ಶಕ್ತಿಯೆಲ್ಲ ಖರ್ಚಾಗಿ ಮುಖಗಳು ಚೌಕ ಚೌಕವಾಗುತ್ತವೆ. 720 ಗುಣಿಸು 576 ಗಾತ್ರದಲ್ಲಿ ಏನೂ ಹಿಂಡದೆ ಇಳಿಸಿದರೆ ಗಂಟೆಗೆ ಸುಮಾರು 75 ಜಿಬಿ. ಹಫ್‌ವೈಯುವಿ, ಎಫ್‌ಎಫ್‌ವಿ1ನಂಥ ವಿವರ ಕಳೆಯದೆ ಹಿಂಡುವ ಕೊಡೆಕ್‌ಗಳಲ್ಲಿ ಹೆಚ್ಚುಕಡಿಮೆ ಅದರ ಅರ್ಧ. ಹಾರ್ಡ್ ಡಿಸ್ಕ್ ತುಂಬುತ್ತದೆ ಅಂತ ಗೊಣಗಬೇಡಿ. ಕ್ಯಾಸೆಟ್ಟು ಎರಡನೇ ಸಲ ಸರಿಯಾಗಿ ಓಡುತ್ತದೆ ಅನ್ನುವ ಖಾತ್ರಿಯಿಲ್ಲ.

ಇನ್ನು ಜರಿಯ ವಿಷಯ. ಮದುವೆಗಳಲ್ಲಿ ವಿಡಿಯೊದವನ ಪಕ್ಕ ಸನ್‌ಗನ್ ಲೈಟ್ ಹಿಡಿದ ಹುಡುಗನೊಬ್ಬ ಇರುತ್ತಿದ್ದನಲ್ಲ, ಅವನು ಬಂದರೆ ಮದುಮಗಳು ಕಣ್ಣು ಮುಚ್ಚುತ್ತಿದ್ದಳು. ಆ ಬೆಳಕಿನಲ್ಲಿ ಬಿಳಿ ಪಂಚೆ, ಮೈಸೂರು ರೇಷ್ಮೆಯ ಜರಿ ಅಂಚು ಎಲ್ಲ ಟೇಪಿನಲ್ಲಿ ಅಳತೆ ಮೀರಿ ಬೆಳ್ಳಗಿರುತ್ತವೆ. ಡಿಜಿಟಲ್ ವಿಡಿಯೊದಲ್ಲಿ 0ಯಿಂದ 255ರವರೆಗಿನ ಅಳತೆಯಲ್ಲಿ ಕಪ್ಪಿಗೆ 16, ಬಿಳಿಗೆ 235 ಎಂದು ಲೆಕ್ಕ. ಕ್ಯಾಪ್ಚರ್ ಕಾರ್ಡ್ ಅದಕ್ಕಿಂತ ಮೇಲಿನದನ್ನು ಕತ್ತರಿಸಿದರೆ ಜರಿಯ ಹೂಬಳ್ಳಿ ಬರೀ ಬಿಳಿ ಪಟ್ಟಿಯಾಗುತ್ತದೆ, ಆಮೇಲೆ ಯಾರಿಂದಲೂ ಅದನ್ನು ತರಲಾಗದು. ಆದ್ದರಿಂದ ಇಳಿಸುವ ಮೊದಲು ಕ್ಯಾಸೆಟ್ಟಿನಲ್ಲಿ ಅತಿ ಬೆಳಗಿರುವ ದೃಶ್ಯ ಹುಡುಕಿ, ಅಲ್ಲಿ ಕಾಂಟ್ರಾಸ್ಟ್, ಬ್ರೈಟ್‌ನೆಸ್ ಹೊಂದಿಸಿಕೊಳ್ಳಿ. ಚಿತ್ರ ಸ್ವಲ್ಪ ಸಪ್ಪೆ ಕಂಡರೂ ಚಿಂತೆಯಿಲ್ಲ.

ಈಗ ಬಂದೆವು ಕಂಪ್ಯೂಟರಿಗೆ. ಇಲ್ಲಿ ಮಾಡಬೇಕಾದ್ದು ಕಡಿಮೆ. ಎರಡು ಫೀಲ್ಡ್ ಹೆಣೆದುಕೊಂಡಿರುವುದರಿಂದ ಓಡಾಡುವವರ ಅಂಚಿನಲ್ಲಿ ಅಡ್ಡ ಗೀರು ಕಾಣುತ್ತದೆ, ಅದನ್ನು ಬಿಡಿಸಬೇಕು. ಏವಿಸಿಂತ್ ಅನ್ನುವ ತಂತ್ರಾಂಶದಲ್ಲಿ ಓಡುವ ಕ್ಯೂಟಿಜಿಎಂಸಿ ಫಿಲ್ಟರ್ ಈ ಕೆಲಸಕ್ಕೆ ನನಗೆ ಮೆಚ್ಚು. 50 ಫೀಲ್ಡನ್ನು 50 ಫ್ರೇಮಾಗಿಯೇ ಉಳಿಸಿ. 25ಕ್ಕೆ ಇಳಿಸಿದರೆ ಚಲನೆಯ ಅರ್ಧ ಹೋಯಿತು. ಬನ್ನಿಮಂಟಪದ ಪಂಜಿನ ಕವಾಯತನ್ನೋ ಡೊಳ್ಳು ಕುಣಿತವನ್ನೋ ಹಿಡಿದಿದ್ದರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ನಕಲಾದ ಟೇಪಿನಲ್ಲಿ ಬಣ್ಣ ಕೆಲವು ಸಾಲು ಕೆಳಕ್ಕೆ ಇಳಿದಿರುತ್ತದೆ. ಮದುಮಗಳ ಹಣೆ ನೋಡಿ: ಕುಂಕುಮದ ಆಕಾರ ಒಂದು ಕಡೆ, ಅದರ ಕೆಂಪು ಹುಬ್ಬಿನ ನಡುವೆ. ಬಣ್ಣದ ಪದರವನ್ನು ಮಾತ್ರ ಎರಡೋ ನಾಲ್ಕೋ ಸಾಲು ಮೇಲೆತ್ತಿದರೆ ಕುಂಕುಮ ತನ್ನ ಜಾಗಕ್ಕೆ ಬರುತ್ತದೆ. ತುಟಿ, ಸೀರೆಯಂಚು ಎಲ್ಲ ಒಟ್ಟಿಗೆ ಸರಿಹೋಗುತ್ತವೆ. ಎರಡೇ ನಿಮಿಷದ ಕೆಲಸ, ಮನೆಯವರು "ಎಷ್ಟು ಕ್ಲಿಯರ್ ಮಾಡಿದಿರಿ" ಅನ್ನುವುದು ಇದನ್ನೇ ನೋಡಿ. ಚಿತ್ರದ ತಳದಲ್ಲಿ ಹರಿದಂತಿರುವ ನಾಲ್ಕಾರು ಸಾಲು ಒಂದು ಹೆಡ್‌ನಿಂದ ಇನ್ನೊಂದಕ್ಕೆ ಬದಲಾಗುವ ಗುರುತು. ಹಳೆ ಟಿವಿಯ ಚೌಕಟ್ಟಿನಾಚೆ ಅಡಗಿರುತ್ತಿತ್ತು. ಕತ್ತರಿಸದೆ ಕಪ್ಪು ಪಟ್ಟಿ ಹಾಕಿ ಮುಚ್ಚಿ. ಟಿವಿ ಅಗಲವಿದೆ ಅಂತ ಚಿತ್ರವನ್ನು ಎಳೆಯಬೇಡಿ, 4:3 ಇದ್ದದ್ದು 4:3 ಇರಲಿ. ಮದುಮಕ್ಕಳನ್ನು ಮದುವೆ ದಿನವೇ ದಪ್ಪ ಮಾಡುವುದೇಕೆ?

ಎಐ ಬಗ್ಗೆ ನನ್ನ ಅಭಿಪ್ರಾಯ ಕೇಳುತ್ತೀರಿ ಅಂತ ಗೊತ್ತು. ಯೂಟ್ಯೂಬ್‌ಗೆ ಹಾಕುವಾಗ 1440 ಗುಣಿಸು 1080ಕ್ಕೆ ಹಿಗ್ಗಿಸಿ, ಅಲ್ಲಿ ದೊಡ್ಡ ಗಾತ್ರಕ್ಕೆ ಹೆಚ್ಚು ಬಿಟ್‌ರೇಟ್, ಅಂದರೆ ಸೆಕೆಂಡಿಗೆ ಹೆಚ್ಚು ಡೇಟಾ, ಸಿಗುತ್ತದೆ. ಅದಕ್ಕೆ ಸಾಮಾನ್ಯ ವಿಧಾನವೇ ಸಾಕು. ಇಲ್ಲದ ವಿವರವನ್ನು ಹುಟ್ಟಿಸುವ ಸಾಫ್ಟ್‌ವೇರ್ ಮಾತ್ರ ಮನೆಯವರ ಮುಖಕ್ಕೆ ಬೇಡ ಅನ್ನುತ್ತೇನೆ. ಗುಂಪಿನಲ್ಲಿ ಹಿಂದೆ ನಿಂತ ಅಜ್ಜಿಯ ಮುಖ ಟೇಪಿನಲ್ಲಿರುವುದು ಇಪ್ಪತ್ತು ಪಿಕ್ಸೆಲ್. ಆ ಸಾಫ್ಟ್‌ವೇರ್ ಯಾವುದೋ ಊರಿನ ಯಾರದೋ ಕಣ್ಣು, ಹಲ್ಲು ತಂದು ಕೂರಿಸುತ್ತದೆ. ನೋಡಲು ಚೆಂದ, ಅಜ್ಜಿ ಮಾತ್ರ ಅಲ್ಲ. ಗದ್ದಲ ತೆಗೆಯುವ ಫಿಲ್ಟರ್ ಕೂಡ ಹೀಗೇ, ಜಾಸ್ತಿ ಎಳೆದರೆ ಚರ್ಮ ಮೇಣವಾಗುತ್ತದೆ. ಒಂದಿಷ್ಟು ಕಾಳು ಕಾಳು ಉಳಿದರೆ ಉಳಿಯಲಿ. ಯಾವುದಕ್ಕೂ ಮುಟ್ಟದ ಮೂಲ ಫೈಲ್ ಒಂದನ್ನು ಬೇರೆ ಡಿಸ್ಕಿನಲ್ಲಿ ಇಟ್ಟಿರಿ, ಇನ್ನೊಂದು ಪ್ರತಿ ಬೇರೆ ಮನೆಯಲ್ಲಿರಲಿ. ಕ್ಯಾಸೆಟ್ಟನ್ನೂ ಎಸೆಯಬೇಡಿ. ಪುಸ್ತಕದ ಹಾಗೆ ನಿಲ್ಲಿಸಿ, ಪೂರ್ತಿ ಸುತ್ತಿ, ಸ್ಪೀಕರ್‌ನಿಂದ ದೂರ ಇಡಿ.

ಇಷ್ಟು ಸಾಕು. ಮೇಜಿನ ಮೇಲೆ ಒಂದು ಡೆಕ್ಕು, ಡಿವಿಡಿ ರೆಕಾರ್ಡರ್, ಲ್ಯಾಪ್‌ಟಾಪ್ ಜೋಡಿಸಿದ್ದೇನೆ. ಕ್ಯಾಸೆಟ್ ತಂದಿರುವವರು ಒಬ್ಬೊಬ್ಬರಾಗಿ ಬನ್ನಿ, ಐದು ನಿಮಿಷ ಓಡಿಸಿ ನೋಡೋಣ. ಮೊದಲು ಕಿಟಕಿ ಬೆಳಕಿಗೆ ಹಿಡಿದು ಬಿಳಿ ಎಳೆ ಇದೆಯೇ ನೋಡಿಕೊಳ್ಳಿ. ಇದ್ದರೆ ಈ ಕಡೆಯ ರಟ್ಟಿನ ಡಬ್ಬದಲ್ಲಿ ಹೆಸರು ಬರೆದು ಇಡಿ, ಅದನ್ನು ಇವತ್ತು ಹಾಕುವುದಿಲ್ಲ.